ಗುರುತು ಮೊದಲು, ಅಳಿಸುವುದು ಆಮೇಲೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಶುರುವಾದರೆ ನಮ್ಮ ಸೋದರಮಾವನ ದಲಾಲಿ ಅಂಗಡಿಯಲ್ಲಿ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಡಬ್ಬಿ, ಕಡ್ಡಿ, ಗುಂಟೂರು ಅಂತ ಬೇರೆ ಬೇರೆ ಲಾಟ್ ಮಾಡಿ ಚೀಲ ಇಡುತ್ತಾರೆ. ಲಾಟ್ ಲಾಟಿಗೂ ಟೆಂಡರ್ ದರ ಬರುತ್ತದೆ. ದರ ಒಪ್ಪಿಗೆ ಆಗದಿದ್ದರೆ ರೈತ ಮಾಲು ಕೊಡುವುದಿಲ್ಲ, ಆ ಲಾಟ್ ರದ್ದು. ಇಷ್ಟೂ ಲೆಕ್ಕ ಈಗ ಎಕ್ಸೆಲ್‌ನಲ್ಲಿದೆ. ಒಂದು ಸಾಲಿಗೆ ಒಂದು ಲಾಟ್.

ಷರಾ ಕಾಲಂನಲ್ಲಿ 'ರದ್ದು' ಅಂತ ಇರುವ ಸಾಲುಗಳನ್ನೆಲ್ಲ ಅಳಿಸಲು ನಾನೊಂದು ಮ್ಯಾಕ್ರೋ, ಅಂದರೆ ಎಕ್ಸೆಲ್ ತಾನಾಗಿಯೇ ಮಾಡುವ ಕೆಲಸದ ಆಜ್ಞೆಗಳ ಪಟ್ಟಿ, ಬರೆದೆ. ಮೇಲಿನಿಂದ ಕೆಳಗೆ ಒಂದೊಂದೇ ಸಾಲು ನೋಡು, ರದ್ದು ಕಂಡರೆ ತೆಗೆ, ಅಷ್ಟೇ. ಸಂಜೆ ಮಾವ ಹಾಳೆ ನೋಡಿ ಕೇಳಿದರು: "ಯಾಕಲೇ, ರದ್ದಾದ ಲಾಟ್ ಇನ್ನೂ ಮೂರು ಇದರಾಗ ಹಂಗ ಅದಾವಲ್ಲ?"

ಕಾರಣ ಹುಡುಕಿದಾಗ ಸಿಕ್ಕಿದ್ದು ಇದು. 5 ಮತ್ತು 6ನೇ ಸಾಲು ಎರಡೂ ರದ್ದು ಅಂದುಕೊಳ್ಳಿ. 5ನ್ನು ಅಳಿಸಿದ ತಕ್ಷಣ 6ನೇ ಸಾಲು ಮೇಲೆ ಸರಿದು ಅದೇ 5 ಆಗುತ್ತದೆ. ಮ್ಯಾಕ್ರೋ ಮಾತ್ರ ಮುಂದಿನ 6ಕ್ಕೆ ಹೋಗುತ್ತದೆ. ಅಲ್ಲಿ ಈಗ ಇರುವುದು ಹಳೆಯ 7. ಹಳೆಯ 6ನ್ನು ಯಾರೂ ನೋಡಲೇ ಇಲ್ಲ! ಎಲ್ಲೆಲ್ಲಿ ಎರಡು ರದ್ದು ಅಕ್ಕಪಕ್ಕ ಇದ್ದವೋ ಅಲ್ಲೆಲ್ಲ ಒಂದು ಉಳಿದುಕೊಂಡಿತ್ತು. ಕೆಳಗಿನಿಂದ ಮೇಲಕ್ಕೆ ಬಂದರೆ ಈ ತೊಂದರೆ ಇಲ್ಲ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ದಾರಿ. ನೋಡುವಾಗ ಏನನ್ನೂ ಅಳಿಸಬೇಡ, ಸುಮ್ನೆ ಗುರುತು ಹಾಕುತ್ತಾ ಹೋಗು. ಕೊನೆಗೆ ಎಲ್ಲವನ್ನೂ ಒಂದೇ ಏಟಿಗೆ ತೆಗೆ.

ಇದಕ್ಕೆ ಮ್ಯಾಕ್ರೋ ಬರೆಯುವ ವಿಬಿಎ ಭಾಷೆಯಲ್ಲಿ ಇರುವ ಸಾಧನ ಯೂನಿಯನ್. ಬೇರೆ ಬೇರೆ ಕಡೆ ಇರುವ ಸೆಲ್‌ಗಳನ್ನು ಅದು ಒಂದೇ ಗುಂಪು ಅಂತ ಹಿಡಿಯುತ್ತದೆ. ಎಕ್ಸೆಲ್‌ಗೆ ವಿಬಿಎ ಬಂದದ್ದು 1993ರಲ್ಲಿ. ಯೂನಿಯನ್ ಹಿಂದಿನ ವಿಚಾರ ಅದಕ್ಕಿಂತ ತುಂಬಾ ಹಳೆಯದು. ಹೈಸ್ಕೂಲಿನಲ್ಲಿ ಗಣಗಳ ಸಂಯೋಗ ಅಂತ ಓದಿದ್ದೆವು ಅಲ್ವಾ, ಅದೇ. ಬಟ್ಟಲಿನಂಥ ಆ ∪ ಚಿಹ್ನೆಯನ್ನು ಇಟಲಿಯ ಗಣಿತಜ್ಞ ಪಿಯಾನೊ 1888ರಲ್ಲಿ ಬಳಕೆಗೆ ತಂದರು.

ಯೂನಿಯನ್ ಸೆಲ್‌ಗಳನ್ನು ಬೆಸೆಯುವುದಿಲ್ಲ, ಜಾಗದಿಂದ ಅಲುಗಿಸುವುದೂ ಇಲ್ಲ. ಮರ್ಜ್ ಮಾಡಿದರೆ ಎಡ ಮೇಲಿನ ಸೆಲ್‌ನ ಅಂಕಿ ಬಿಟ್ಟು ಉಳಿದದ್ದೆಲ್ಲ ಹೋಗುತ್ತದೆ, ಇಲ್ಲಿ ಹಾಗಿಲ್ಲ. ಅಂಗಳದಲ್ಲಿ ಸಾಗಿಸಬೇಕಾದ ಚೀಲಗಳಿಗೆಲ್ಲ ಸೀಮೆಸುಣ್ಣದ ಗುರುತು ಹಾಕಿ, ಆಮೇಲೆ ಹಮಾಲರನ್ನು ಕರೆದ ಹಾಗೆ. ಚೀಲ ಇದ್ದಲ್ಲೇ ಇರುತ್ತದೆ. ನಮ್ಮ ಕೈಯಲ್ಲಿ ಇರುವುದು ಎಲ್ಲವಕ್ಕೂ ಸೇರಿ ಒಂದು ಹೆಸರು ಮಾತ್ರ.

ಬರೆಯುವಾಗ ಮೊದಲ ಹೆಜ್ಜೆಯಲ್ಲೇ ಒಂದು ತೊಡಕು. 'ಇಲ್ಲಿವರೆಗಿನ ಗುಂಪಿಗೆ ಈ ಸೆಲ್ ಸೇರಿಸು' ಅಂತ ಹೇಳಬೇಕು. ಮೊದಲನೇ ಸಲ ಗುಂಪೇ ಇರುವುದಿಲ್ಲ, ವಿಬಿಎ ಅದನ್ನು ನಥಿಂಗ್, ಅಂದರೆ 'ಏನೂ ಇಲ್ಲ' ಅನ್ನುತ್ತದೆ. ಅದನ್ನು ಯೂನಿಯನ್‌ಗೆ ಕೊಟ್ಟರೆ ಎರರ್. ಹಾಗಾಗಿ ಗುಂಪು ಖಾಲಿ ಇದ್ದರೆ ಈ ಸೆಲ್ಲೇ ಗುಂಪು, ಇಲ್ಲದಿದ್ದರೆ ಎರಡರ ಯೂನಿಯನ್ ಅಂತ ಬರೆಯುತ್ತೇವೆ. ಎಲ್ಲವೂ ಒಂದೇ ಶೀಟ್‌ನಲ್ಲಿ ಇರಬೇಕು. ಸೆಲ್‌ಗಳ ವಿಳಾಸಗಳನ್ನು ಅಲ್ಪವಿರಾಮ ಹಾಕಿ ಜೋಡಿಸಿ ಒಂದೇ ರೇಂಜ್, ಅಂದರೆ ಒಂದೇ ಸೆಲ್ ಗುಂಪು, ಮಾಡುವ ದಾರಿಯೂ ಇದೆ. ಆದರೆ ಆ ಪಠ್ಯ 255 ಅಕ್ಷರ ದಾಟಿದರೆ ಅದು ಕೆಲಸ ಮಾಡುವುದಿಲ್ಲ. ಸುಗ್ಗಿಯ ಹಾಳೆಗೆ ಅಷ್ಟು ಸಾಲುವುದಿಲ್ಲ.

ಎಲ್ಲಕ್ಕಿಂತ ಹುಷಾರಾಗಿರಬೇಕಾದದ್ದು ಎಣಿಕೆಯಲ್ಲಿ. ನಮ್ಮ ಗುಂಪಿನಲ್ಲಿ 5, 6, 19, 40, 41, 42ನೇ ಸಾಲಿನ ಒಂದೊಂದು ಸೆಲ್ ಇವೆ ಅನ್ನಿ. ಒಟ್ಟು ಆರು. ಎಕ್ಸೆಲ್ ಇದನ್ನು ಮೂರು ತುಂಡು ಅಂತ ನೋಡುತ್ತದೆ. ತುಂಡಿಗೆ ಅದು ಕೊಟ್ಟಿರುವ ಹೆಸರು ಏರಿಯಾ. ಈಗ ಎಷ್ಟು ಸಾಲು ಅಂತ ಕೇಳಿದರೆ ಉತ್ತರ 2! ಮೊದಲ ತುಂಡನ್ನಷ್ಟೇ ಎಣಿಸಿರುತ್ತದೆ. ಸೆಲ್‌ಗಳಲ್ಲಿ ಬರೆದಿರುವುದನ್ನು ಒಟ್ಟಿಗೆ ಕೇಳಿದರೂ ಮೊದಲ ತುಂಡಿನವು ಮಾತ್ರ ಬರುತ್ತವೆ. ಎರರ್ ಬರುವುದಿಲ್ಲ, ಅದೇ ಭಯ. ಲೆಕ್ಕ ತಪ್ಪಿದ್ದು ಗೊತ್ತೇ ಆಗುವುದಿಲ್ಲ. ಒಂದೊಂದೇ ಏರಿಯಾ ಹಿಡಿದು ಸರದಿಯಾಗಿ ನೋಡುವ ಲೂಪ್ ಹಾಕಬೇಕು, ಇಲ್ಲವೇ ಸೆಲ್‌ಗಳನ್ನು ಎಣಿಸಬೇಕು. ಸೆಲ್ ಎಷ್ಟು ಅಂದರೆ ಸರಿಯಾಗಿ 6 ಅನ್ನುತ್ತದೆ.

ಸೂತ್ರಗಳಲ್ಲೂ ಇಂಥದ್ದೊಂದು ಇದೆ. ಬಿ2ರಿಂದ ಬಿ10, ಬಿ8ರಿಂದ ಬಿ15 ಎರಡನ್ನೂ ಮೊತ್ತ ಹಾಕುವ ಸಮ್ ಸೂತ್ರಕ್ಕೆ ಕೊಟ್ಟರೆ 8, 9, 10ನೇ ಸಾಲು ಎರಡೆರಡು ಸಲ ಕೂಡುತ್ತವೆ. ಶಾಲೆಯ ಸಂಯೋಗದಲ್ಲಿ ಒಂದು ವಸ್ತು ಒಂದೇ ಸಲ.

ತುಂಡುಗಳು ಸಾವಿರಗಟ್ಟಲೆ ಆದರೆ ಯೂನಿಯನ್ ನಿಧಾನವಾಗುತ್ತದೆ. ಆಗ ಫಿಲ್ಟರ್ ಒಳ್ಳೆಯದು. ನಮ್ಮ ಅಂಗಡಿಯ ದಿನದ ಹಾಳೆಗೆ ಯೂನಿಯನ್ನೇ ಬೇಕಾದಷ್ಟಾಯಿತು.

ಈಗ ಗುಂಪು ಸಿದ್ಧವಾದ ಮೇಲೆ ನಾನು ನೇರ ಅಳಿಸುವುದಿಲ್ಲ. ಮ್ಯಾಕ್ರೋ ಅಳಿಸಿದ್ದನ್ನು ಅನ್‌ಡೂ ಒತ್ತಿ ವಾಪಸ್ ತರಲು ಆಗುವುದಿಲ್ಲ. ಅದಕ್ಕೇ ಮೊದಲು ಇಡೀ ಗುಂಪಿಗೆ ಕೆಂಪು ಬಣ್ಣ ಹಚ್ಚುತ್ತೇನೆ. ಮಾವ ಟೆಂಡರ್ ಪಟ್ಟಿ ಹಿಡಿದು ಲಾಟ್ ನಂಬರ್ ಓದುತ್ತಾರೆ, ನಾನು ಪರದೆ ಮೇಲೆ ತಾಳೆ ನೋಡುತ್ತೇನೆ. ಒಂದು ಸಂಜೆ ಒಂದು ಸಾಲಿಗೆ ಬಂದಾಗ ತಡೆದರು. "ಇದನ್ನ ತೆಗೀಬ್ಯಾಡ, ರೈತ ಆಮ್ಯಾಲ ಒಪ್ಯಾನ."

ಯೂನಿಯನ್‌ನಿಂದ ಒಂದನ್ನು ಕಳೆಯುವ ಆಜ್ಞೆ ವಿಬಿಎನಲ್ಲಿ ಇಲ್ಲ. ಆ ಸಾಲಿನ ಷರಾ ತಿದ್ದಿ, ಬಣ್ಣ ಅಳಿಸಿ, ಮತ್ತೆ ಮೊದಲಿನಿಂದ ಗುರುತು ಹಾಕಿಸಿದೆ.