ಇನ್ನೆರಡು ರೈಲು ಬಿಡೋಕೆ ಏನು ಕಷ್ಟ?

ಕಳೆದ ತಿಂಗಳು ಬಂಗಾರಪೇಟೆಯಿಂದ ಬೆಂಗಳೂರಿಗೆ ಬೆಳಗಿನ ರೈಲಿನಲ್ಲಿ ಬರುತ್ತಿದ್ದೆ. ಟೇಕಲ್ ದಾಟುವಷ್ಟರಲ್ಲಿ ಸೀಟು ಮುಗಿದಿತ್ತು. ಮಾಲೂರಿನಲ್ಲಿ ಹತ್ತಿದವರಿಗೆ ಹಿಡಿದುಕೊಳ್ಳಲು ಕಂಬಿಯೂ ಸಿಗಲಿಲ್ಲ. ನನ್ನ ಪಕ್ಕದಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳೊಬ್ಬಳು ಊಟದ ಬ್ಯಾಗನ್ನು ಕಾಲಿನ ನಡುವೆ ಇಟ್ಟುಕೊಂಡು ನಿಂತಿದ್ದಳು. ಮಧ್ಯದ ಒಂದು ಸ್ಟೇಷನ್ನಿನಲ್ಲಿ ರೈಲು ಲೂಪ್ ಲೈನಿಗೆ, ಅಂದರೆ ದಾರಿ ಬಿಟ್ಟುಕೊಡುವ ಪಕ್ಕದ ಹಳಿಗೆ, ಹೋಗಿ ನಿಂತಿತು. ಐದು ನಿಮಿಷ, ಹತ್ತು ನಿಮಿಷ. ಆಮೇಲೆ ಹಿಂದಿನಿಂದ ಎಕ್ಸ್‌ಪ್ರೆಸ್ ಒಂದು ಧಡಧಡ ಅಂತ ದಾಟಿ ಹೋಯಿತು. “ಕ್ರಾಸಿಂಗ್ ಕಣ್ರೀ” ಅಂದರು ಯಾರೋ. (ಎದುರಿನಿಂದ ಬಂದರೆ ಮಾತ್ರ ಕ್ರಾಸಿಂಗ್. ಹಿಂದಿನಿಂದ ಬಂದು ಮುಂದೆ ಹೋದರೆ ಅದಕ್ಕೆ ನಾವು ಪ್ರೆಸಿಡೆನ್ಸ್ ಅನ್ನುತ್ತೇವೆ. ನಿಂತವರ ಕಾಲು ನೋವಿಗೆ ಎರಡೂ ಒಂದೇ ಬಿಡಿ.)

ನಾನು ರೈಲ್ವೆಯಲ್ಲಿ ಇದ್ದವನು ಅಂತ ಮಾತಿನ ಮಧ್ಯೆ ಗೊತ್ತಾದ ಮೇಲೆ ಆಕೆ ಕೇಳಿದಳು: “ಇನ್ನೆರಡು ರೈಲು ಬಿಡೋಕೆ ಏನ್ ಸಾರ್ ಕಷ್ಟ?”

ಕಂಟ್ರೋಲ್ ಕೊಠಡಿಯಲ್ಲಿ ಕೂತು ರೈಲು ಓಡಿಸುವ ಲೆಕ್ಕದಲ್ಲೇ ನನ್ನ ಕೆಲಸದ ವರ್ಷಗಳು ಕಳೆದವು. ಈ ಪ್ರಶ್ನೆ ನೂರಾರು ಸಲ ಕೇಳಿದ್ದೇನೆ. ಉತ್ತರ ಮಾತ್ರ ಕಂಟೋನ್ಮೆಂಟ್ ಬರುವಷ್ಟರಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸೆಕ್ಷನ್ ಕಂಟ್ರೋಲರ್ ಮುಂದೆ ಒಂದು ಚಾರ್ಟ್ ಇರುತ್ತದೆ. ಈಗ ಕಂಪ್ಯೂಟರಿನಲ್ಲಿ, ಮೊದಲು ದೊಡ್ಡ ಗ್ರಾಫ್ ಹಾಳೆಯಲ್ಲಿ. ಅಡ್ಡಕ್ಕೆ ಗಂಟೆ ನಿಮಿಷ, ಉದ್ದಕ್ಕೆ ಸ್ಟೇಷನ್ನುಗಳ ಹೆಸರು. ಪ್ರತಿ ರೈಲೂ ಅದರಲ್ಲಿ ಒಂದು ಓರೆ ಗೆರೆ. ಎಲ್ಲೂ ನಿಲ್ಲದ ಎಕ್ಸ್‌ಪ್ರೆಸ್ ಆದರೆ ಕಡಿದಾದ ಗೆರೆ. ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರ್ ಆದರೆ ಮೆಟ್ಟಿಲು ಮೆಟ್ಟಿಲಾಗಿ ವಾಲಿದ ಗೆರೆ. ಗೂಡ್ಸ್ ಗೆರೆ ಇನ್ನೂ ವಾಲಿಕೊಂಡಿರುತ್ತದೆ. ಹೊಸ ರೈಲು ಬಿಡುವುದು ಅಂದರೆ ಈ ಗೆರೆಗಳ ಮಧ್ಯೆ ಇನ್ನೊಂದು ಗೆರೆ ಎಳೆಯಲು ಜಾಗ ಹುಡುಕುವುದು. ಬೋಗಿ ಸಿಗುತ್ತದೆ, ಡ್ರೈವರ್ ಸಿಗುತ್ತಾರೆ. ಗೆರೆಗೆ ಜಾಗ ಸಿಗುವುದಿಲ್ಲ.

ಎಲ್ಲ ಗೆರೆಗಳೂ ಒಂದೇ ಓರೆಯಲ್ಲಿದ್ದರೆ ಒತ್ತೊತ್ತಾಗಿ ಎಳೆಯಬಹುದು. ಒಂದು ಕಡಿದು, ಒಂದು ವಾಲಿದ್ದು ಆದರೆ ಅವೆರಡರ ನಡುವೆ ತ್ರಿಕೋನದ ಹಾಗೆ ಜಾಗ ಸುಮ್ನೆ ಹಾಳಾಗುತ್ತದೆ. ಬಂಗಾರಪೇಟೆ ದಾರಿಯ ಕಷ್ಟ ಇರುವುದು ಇಲ್ಲೇ. ಅದು ಚೆನ್ನೈ ದಾರಿ ಕೂಡ. ಶತಾಬ್ದಿ, ಬೃಂದಾವನ, ಲಾಲ್‌ಬಾಗ್ ಎಲ್ಲ ಅದರ ಮೇಲೇ ಓಡಬೇಕು. ವೈಟ್‌ಫೀಲ್ಡ್‌ನ ಡಿಪೋಗೆ ಕಂಟೇನರ್ ಗೂಡ್ಸ್ ಬರಬೇಕು. ದೇವನಗೊಂದಿಯ ಪೆಟ್ರೋಲ್ ಡಿಪೋಗೆ ಟ್ಯಾಂಕರ್ ವ್ಯಾಗನ್ ಹೋಗಬೇಕು. ಇವೆಲ್ಲ ಹೋದ ಮೇಲೆ ಉಳಿದ ಸಂದಿಯಲ್ಲಿ ದಿನಾ ಓಡಾಡುವವರ ರೈಲು ತೂರಬೇಕು.

ಆ ದಿನಾ ಓಡಾಡುವವರು ಯಾರು ಅಂತಲೂ ಹೇಳಬೇಕು. ಕೆ.ಜಿ.ಎಫ್.ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಊರಿಗೆ ಊರೇ ಬೆಂಗಳೂರಿನ ಕೆಲಸ ನಂಬಿಕೊಂಡಿತು. ಗಣಿಗಾಗಿ ಹಾಕಿದ ಬಂಗಾರಪೇಟೆ–ಮಾರಿಕುಪ್ಪಂ ಹಳಿಯೇ ಅವರ ಅನ್ನದ ದಾರಿಯಾಯಿತು. ಬೆಳಗ್ಗೆ ಕತ್ತಲಲ್ಲಿ ಹೊರಟು ರಾತ್ರಿ ಕತ್ತಲಲ್ಲಿ ಮನೆ ಸೇರುವವರು. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುವ ಬದಲು ಪಾಸ್ ಮಾಡಿಸಿಕೊಂಡವರು. ಸೆಕೆಂಡ್ ಕ್ಲಾಸ್ ತಿಂಗಳ ಪಾಸಿನ ದರ ಹೆಚ್ಚುಕಡಿಮೆ ಹದಿನೈದು ಸಲ ಒಂದು ಕಡೆಗೆ ಹೋದ ಟಿಕೆಟ್ಟಿನಷ್ಟು. ಈ ಲೆಕ್ಕಕ್ಕೆ ಸರಿಸಾಟಿಯಾದ ಬಸ್ಸಿಲ್ಲ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಡ್ಯೂಟಿಯಲ್ಲಿದ್ದಾಗ ನಾನೂ ಎಷ್ಟೋ ಸಲ ಪ್ಯಾಸೆಂಜರ್ ಗಾಡಿಯನ್ನು ಲೂಪಿಗೆ ಹಾಕಿ ಎಕ್ಸ್‌ಪ್ರೆಸ್ ಬಿಟ್ಟಿದ್ದೇನೆ. ಎಕ್ಸ್‌ಪ್ರೆಸ್ ಆರು ನಿಮಿಷ ಲೇಟಾದರೆ ಮರುದಿನ ಬೆಳಗ್ಗೆ ಮೇಲಿನವರು ಕೇಳುತ್ತಿದ್ದರು. ಪ್ಯಾಸೆಂಜರ್ ಇಪ್ಪತ್ತು ನಿಮಿಷ ಲೇಟಾದರೂ ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. ಕೇಳದ ಪ್ರಶ್ನೆಗೆ ಯಾರೂ ಉತ್ತರ ಸಿದ್ಧ ಮಾಡಿಕೊಳ್ಳುವುದಿಲ್ಲ, ಅಲ್ವಾ? ಕಚೇರಿ ಹೊತ್ತಿನ ಎರಡು ಗಂಟೆಯಾದರೂ ಈ ಸರದಿ ತಿರುಗಬೇಕು ಅನ್ನುವುದು ನನ್ನ ಅಭಿಪ್ರಾಯ. ದೂರದ ರೈಲಿನವರಿಗೆ ಐದು ನಿಮಿಷ ತಡವಾದರೆ ಸ್ವಲ್ಪ ಬೇಜಾರು. ಗಾರ್ಮೆಂಟ್ಸ್ ಹುಡುಗಿಗೆ ಐದು ನಿಮಿಷ ತಡವಾದರೆ ಗೇಟು ಹಾಕಿರುತ್ತಾರೆ.

ಸರಿ, ಗೆರೆಗೆ ಜಾಗ ಮಾಡುವುದು ಹೇಗೆ?

ಮೊದಲನೆಯದು ಸಿಗ್ನಲ್. ಹಳೆಯ ಪದ್ಧತಿಯಲ್ಲಿ ಎರಡು ಸ್ಟೇಷನ್ನುಗಳ ನಡುವೆ, ಒಂದು ಹಳಿಯ ಮೇಲೆ, ಒಂದು ಹೊತ್ತಿಗೆ ಒಂದೇ ರೈಲು. ಎಂಟು ಕಿ.ಮೀ. ದೂರ ಇದ್ದರೆ ಮುಂದಿನ ರೈಲು ಆ ಎಂಟು ಕಿ.ಮೀ. ಪೂರ್ತಿ ದಾಟಿ ಹೋಗುವವರೆಗೆ ಹಿಂದಿನದು ಕಾಯಬೇಕು. ಆಟೊಮ್ಯಾಟಿಕ್ ಸಿಗ್ನಲ್ ಬಂದರೆ ಸುಮಾರು ಒಂದೊಂದು ಕಿ.ಮೀ.ಗೆ ಒಂದು ಸಿಗ್ನಲ್. ಒಂದರ ಹಿಂದೆ ಒಂದು ರೈಲು ಹೋಗಬಹುದು. ಹೊಸ ಹಳಿ ಹಾಕದೆ ಹಳೆಯ ಹಳಿಯಿಂದಲೇ ಜಾಸ್ತಿ ಕೆಲಸ ತೆಗೆಯುವ ದಾರಿ ಇದು. ರಿಬ್ಬನ್ ಕತ್ತರಿಸಲು ಏನೂ ಇರುವುದಿಲ್ಲ, ಹಾಗಾಗಿ ಪೇಪರಿನಲ್ಲಿ ಫೋಟೋ ಬರುವುದಿಲ್ಲ, ಅಷ್ಟೇ.

ಎರಡನೆಯದು ಗಾಡಿಯ ಜಾತಿ. ಇಂಜಿನ್ ಎಳೆಯುವ ರೈಲಿನಲ್ಲಿ ಬಲವೆಲ್ಲ ಮುಂದೆ ಇರುತ್ತದೆ. ಮೆಮು ಅನ್ನುವ, ಬೇರೆ ಇಂಜಿನ್ ಇಲ್ಲದ ವಿದ್ಯುತ್ ರೈಲಿನಲ್ಲಿ ಮೋಟರ್ ಇರುವ ಬೋಗಿಗಳು ಮಧ್ಯೆ ಮಧ್ಯೆ ಹಂಚಿಕೊಂಡಿರುತ್ತವೆ. ಹೊರಟ ಕೂಡಲೇ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ಮೂರ್ನಾಲ್ಕು ಕಿ.ಮೀ.ಗೆ ಒಮ್ಮೆ ನಿಲ್ಲುವ ರೈಲಿಗೆ ಬೇಕಾದದ್ದು ಈ ಗುಣವೇ. ಗಂಟೆಗೆ 110 ಕಿ.ಮೀ. ಓಡುವ ಶಕ್ತಿ ಇದ್ದರೂ ಆ ವೇಗ ಮುಟ್ಟುವ ಮೊದಲೇ ಮುಂದಿನ ಸ್ಟೇಷನ್ ಬಂದಿರುತ್ತದೆ. ಮುಂಬೈಯಲ್ಲಿ 1925ರಲ್ಲೇ ವಿ.ಟಿ.ಯಿಂದ (ವಿಕ್ಟೋರಿಯಾ ಟರ್ಮಿನಸ್) ಕುರ್ಲಾಗೆ ವಿದ್ಯುತ್ ಲೋಕಲ್ ಓಡಿತು. ನಾವು ಬೆಂಗಳೂರಿನವರು ಬಹಳ ವರ್ಷ ಊರಾಚೆಯ ಪ್ಯಾಸೆಂಜರ್ ಗಾಡಿಗಳಲ್ಲೇ ಕೆಲಸ ಸಾಗಿಸಿದೆವು.

ಮೆಮುವಿನ ದೊಡ್ಡ ಲಾಭ ಇನ್ನೊಂದಿದೆ. ಎರಡೂ ತುದಿಗೆ ಡ್ರೈವರ್ ಕೋಣೆ. ಇಂಜಿನ್ ಗಾಡಿ ಕೊನೆಯ ಸ್ಟೇಷನ್ ಮುಟ್ಟಿದರೆ ಇಂಜಿನ್ ಬಿಚ್ಚಬೇಕು, ಪಕ್ಕದ ಲೈನಿನಲ್ಲಿ ಸುತ್ತಿ ಬಂದು ಆ ಕಡೆಗೆ ಸೇರಿಸಬೇಕು, ಬ್ರೇಕ್ ಪರೀಕ್ಷೆ ಮಾಡಬೇಕು. ಇಪ್ಪತ್ತು ನಿಮಿಷ ಹೋಯಿತು. ಮೆಮು ಆದರೆ ಡ್ರೈವರ್ ಈ ತುದಿಯಿಂದ ಆ ತುದಿಗೆ ನಡೆದರೆ ಸಾಕು.

ಇದರ ಲೆಕ್ಕ ನೋಡಿ. ಒಂದು ಕಡೆಗೆ 40 ನಿಮಿಷದ ದಾರಿ ಅಂದುಕೊಳ್ಳಿ. ಎರಡೂ ತುದಿಯಲ್ಲಿ 20 ನಿಮಿಷ ನಿಂತರೆ ಒಂದು ಸುತ್ತಿಗೆ 120 ನಿಮಿಷ. ಕಾಲು ಗಂಟೆಗೊಂದು ರೈಲು ಬೇಕಾದರೆ 8 ರೇಕ್, ಅಂದರೆ ಬೋಗಿ ಜೋಡಿಸಿದ 8 ಇಡೀ ಗಾಡಿ, ಬೇಕು. ತುದಿಯಲ್ಲಿ ನಿಲ್ಲುವುದನ್ನು 5 ನಿಮಿಷಕ್ಕೆ ಇಳಿಸಿದರೆ ಸುತ್ತಿಗೆ 90 ನಿಮಿಷ. ಈಗ 6 ರೇಕ್ ಸಾಕು. ಎಂಟೂ ಇಟ್ಟುಕೊಂಡರೆ 11 ನಿಮಿಷ ಚಿಲ್ಲರೆಗೊಂದು ರೈಲು ಓಡಿಸಬಹುದು. ಒಂದು ಬೋಗಿಯನ್ನೂ ಹೊಸದಾಗಿ ಕೊಳ್ಳಲಿಲ್ಲ, ನೆನಪಿರಲಿ.

ಮುಂಬೈನ ಚರ್ಚ್‌ಗೇಟ್‌ನಲ್ಲಿ ಇರುವುದು ಬರೀ 4 ಪ್ಲಾಟ್‌ಫಾರ್ಮ್. ನಮ್ಮ ಮೆಜೆಸ್ಟಿಕ್ ಸ್ಟೇಷನ್ನಿನಲ್ಲಿ 10 ಇವೆ. ಆದರೂ ಚರ್ಚ್‌ಗೇಟ್‌ನಲ್ಲಿ ಕಚೇರಿ ಹೊತ್ತಿನಲ್ಲಿ ಗಾಡಿ ಬಂದ ಮೇಲೆ ಗಾಡಿ. ಒಂದು ಬಂದು ಖಾಲಿಯಾಗಿ, ತುಂಬಿ, ಹೊರಟೇ ಬಿಡುತ್ತದೆ. ಅಲ್ಲಿ ದೂರದ ರೈಲು ಬರುವುದಿಲ್ಲ, ನೀರು ತುಂಬಿಸುವುದಿಲ್ಲ, ಪಾರ್ಸೆಲ್ ಇಳಿಸುವುದಿಲ್ಲ. ನಮ್ಮಲ್ಲಿ ಮೂರು ರಾಜ್ಯ ದಾಟಿ ಹೋಗುವ ಗಾಡಿ ಪ್ಲಾಟ್‌ಫಾರ್ಮಿನಲ್ಲಿ ತಯಾರಾಗುತ್ತಿರುವಾಗ ಮಾಲೂರಿನ ಗಾಡಿ ಔಟರ್‌ನಲ್ಲಿ, ಸ್ಟೇಷನ್ನಿನ ಹೊರಗಿನ ಸಿಗ್ನಲ್ ಹತ್ತಿರ, ಕಾಯುತ್ತದೆ. 2022ರಲ್ಲಿ ಬೈಯಪ್ಪನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾದಾಗ ಜನ ಎ.ಸಿ. ಹಾಲ್ ನೋಡಿ ಹೊಗಳಿದರು. ನಾನು ಖುಷಿಪಟ್ಟದ್ದು ಬೇರೆ ಕಾರಣಕ್ಕೆ. ಊರ ನಡುವಿನ ಪ್ಲಾಟ್‌ಫಾರ್ಮಿನಿಂದ ಒಂದಷ್ಟು ದೂರದ ಗಾಡಿಗಳು ಆಚೆಗೆ ಹೋದವು.

ಒಂಟಿ ಹಳಿಯ ವಿಷಯ ಬೇಗ ಮುಗಿಸುತ್ತೇನೆ. ಒಂಟಿ ಹಳಿಯಲ್ಲಿ ಎದುರಿನ ಗಾಡಿ ಬರುವವರೆಗೆ ಕಾಯದೆ ಬೇರೆ ದಾರಿಯಿಲ್ಲ. ಮೈಸೂರು ದಾರಿಯಲ್ಲಿ ಜೋಡಿ ಹಳಿಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂದಿತ್ತು. 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಒಡೆಯದೆ, ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಆ ಚಿಕ್ಕ ತುಂಡು ಉಳಿದಿದ್ದರೆ ಉಳಿದ ದಾರಿ ಪೂರ್ತಿ ಜೋಡಿಯಾಗಿದ್ದೂ ಗಾಡಿಗಳು ಅಲ್ಲಿ ಬಂದು ಸಾಲು ನಿಲ್ಲುತ್ತಿದ್ದವು. ಹಳಿಯ ಶಕ್ತಿಯನ್ನು ಅದರ ಅತಿ ಇಕ್ಕಟ್ಟಾದ ಜಾಗದಲ್ಲೇ ಅಳೆಯಬೇಕು.

ಯಲಹಂಕದಿಂದ ದೇವನಹಳ್ಳಿ ಕಡೆಗೆ ಇರುವುದು ಒಂಟಿ ಹಳಿ. ಅದರ ಮೇಲೆ 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹತ್ತಿರ ಒಂದು ಚೆಂದದ ಹಾಲ್ಟ್ ಸ್ಟೇಷನ್ ತೆರೆದರು. ಟ್ಯಾಕ್ಸಿ ದುಡ್ಡಿನ ಮುಂದೆ ಟಿಕೆಟ್ ಏನೂ ಅಲ್ಲ. ಆದರೂ ಜನ ಮುಗಿಬೀಳಲಿಲ್ಲ. ಬೆರಳೆಣಿಕೆಯ ರೈಲು, ಅದೂ ವಿಮಾನದ ಹೊತ್ತಿಗೆ ಹೊಂದದ ರೈಲು ಇದ್ದರೆ ಯಾರು ಬರುತ್ತಾರೆ? ಮೂರು ಗಂಟೆಗೊಂದು ರೈಲು ಬಿಟ್ಟು “ನೋಡಿ, ಜನ ಬರಲ್ಲ” ಅನ್ನುವ ಮಾತು ಕೇಳಿ ನನಗೆ ಸಾಕಾಗಿದೆ. ರೈಲು ತಪ್ಪಿದರೆ ಹೆದರಿಕೆ ಆಗಬಾರದು. ಆ ಹೆದರಿಕೆ ಹೋಗುವುದು ಕಾಲು ಗಂಟೆಗೊಂದು ರೈಲು ಬಂದಾಗ.

ಇವೆಲ್ಲ ಒಂದೇ ಸಲ ಸರಿಹೋಗಬೇಕಾದರೆ ದಿನಾ ಓಡಾಡುವವರಿಗೆ ಅವರದೇ ಹಳಿ ಬೇಕು. 2016ರಲ್ಲಿ “ಚುಕು ಬುಕು ಬೇಕು” ಅಂತ ಬೆಂಗಳೂರಿನ ಜನ ಸ್ಟೇಷನ್ನುಗಳಿಗೆ ಬಂದು ಕೇಳಿದ್ದು ಉಪನಗರ ರೈಲನ್ನೇ. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತು. 148 ಕಿ.ಮೀ., 15,767 ಕೋಟಿ ರೂಪಾಯಿ, ನಾಲ್ಕು ದಾರಿ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಹೆಸರಿಟ್ಟವರಿಗೆ ಹೂವಿನ ಹಾರವನ್ನೇ ಹಾಕಬೇಕು. ಕೆಲಸದ ಮಾತು ಬೇರೆ. 2022ರ ಜೂನ್‌ನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದಾಗ 40 ತಿಂಗಳಲ್ಲಿ ಮುಗಿಯುತ್ತದೆ ಅಂದಿದ್ದರು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ತುಂಬಿತು. ರೈಲು ಓಡಲಿಲ್ಲ.

ವಿಮಾನ ನಿಲ್ದಾಣದ ಕಡೆಗೆ ಹೋಗುವ ಸಂಪಿಗೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನನ್ನು ಕೇಳಿದರೆ ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುವ 46 ಕಿ.ಮೀ. ಕನಕವೇ ದೊಡ್ಡದು. ಅದು ಮೆಜೆಸ್ಟಿಕ್‌ಗೆ ಬರುವುದೇ ಇಲ್ಲ. ಆನೇಕಲ್ ಕಡೆಯವರು ಯಲಹಂಕ ಕಡೆಗೆ ಹೋಗಲು ಊರ ನಡುವೆ ಬಂದು ಇಳಿಯಬೇಕಾಗಿಲ್ಲ. ಎಲ್ಲರೂ ಮೆಜೆಸ್ಟಿಕ್‌ಗೇ ಬರುತ್ತಾರೆ ಅನ್ನುವುದು ನಮ್ಮ ಅಪ್ಪಂದಿರ ಕಾಲದ ಬೆಂಗಳೂರು.

ಆ ಹೆಣ್ಣುಮಗಳಿಗೆ ಇದರಿಂದ ಏನು ಸಿಕ್ಕಿತು? ನೇರವಾಗಿ ಏನೂ ಇಲ್ಲ. ಕೆಂಗೇರಿಯಿಂದ ಬರುವ ಪಾರಿಜಾತ ವೈಟ್‌ಫೀಲ್ಡ್‌ನಲ್ಲೇ ನಿಲ್ಲುತ್ತದೆ. ಮಾಲೂರು, ಟೇಕಲ್, ಬಂಗಾರಪೇಟೆ ಆಚೆ ಉಳಿಯುತ್ತವೆ. ಅವಳಿಗೆ ನೆರವಾಗುವುದು ಕಂಟೋನ್ಮೆಂಟ್‌ನಿಂದ ವೈಟ್‌ಫೀಲ್ಡ್‌ವರೆಗೆ ಎರಡು ಹಳಿಯನ್ನು ನಾಲ್ಕು ಮಾಡುವ ಕೆಲಸ. ಅದೂ ವರ್ಷಗಳಿಂದ ನಡೆಯುತ್ತಲೇ ಇದೆ. ನಾಲ್ಕು ಹಳಿಯಾದರೆ ಎಕ್ಸ್‌ಪ್ರೆಸ್ ತನ್ನ ಪಾಡಿಗೆ ಹೋಗುತ್ತದೆ, ಇವಳ ಗಾಡಿ ಇವಳ ಪಾಡಿಗೆ. ವೈಟ್‌ಫೀಲ್ಡ್‌ನಿಂದಾಚೆಗೆ ಮತ್ತೆ ಎರಡೇ ಹಳಿ, ಮತ್ತೆ ಅದೇ ಲೂಪ್.

ಇಷ್ಟನ್ನೂ ಅವಳಿಗೆ ಹೇಳಲಿಲ್ಲ. “ಹಳಿ ಸಾಲದಮ್ಮ” ಅಂದೆ, ಅಷ್ಟೇ. ಕೆ.ಆರ್. ಪುರ ಬಂತು. ಈಗ ಅಲ್ಲಿ ಮೆಟ್ರೊ ಹಿಡಿಯುವವರು ಜಾಸ್ತಿ. ಹಳೇ ಚಟ ನೋಡಿ, ವಾಚ್ ನೋಡಿಕೊಂಡೆ. ಬೋಗಿಯ ನೆಲ ಎತ್ತರ, ಪ್ಲಾಟ್‌ಫಾರ್ಮ್ ತಗ್ಗು. ಒಬ್ಬರು ಅಜ್ಜಿ ಬುಟ್ಟಿ ಮೊದಲು ಕೆಳಗೆ ಕೊಟ್ಟು, ಮೆಟ್ಟಿಲ ಮೇಲೆ ಹಿಂದುಮುಂದಾಗಿ ಇಳಿದರು. ಹಿಂದೆ ಮೂವತ್ತು ಜನ ಕಾದರು. ಕೆಳಗೆ ಹತ್ತುವವರು ಬಾಗಿಲಿಗೆ ಮುತ್ತಿಕೊಂಡಿದ್ದರು. ಒಂದು ನಿಮಿಷದಲ್ಲಿ ಹೊರಡಬೇಕಾದ ಗಾಡಿ ಎರಡು ನಿಮಿಷಕ್ಕೂ ಹೊರಡಲಿಲ್ಲ. ಹಿಂದೆ ಇನ್ನೊಂದು ಗಾಡಿ ಸಿಗ್ನಲ್‌ಗೆ ಕಾಯುತ್ತಾ ಇದ್ದಿರಬೇಕು. ಬೋಗಿಯ ನೆಲದ ಮಟ್ಟಕ್ಕೆ ಪ್ಲಾಟ್‌ಫಾರ್ಮ್ ಎತ್ತರಿಸಲು ಸಿಮೆಂಟ್, ಜಲ್ಲಿ ಬಿಟ್ಟರೆ ಹೆಚ್ಚೇನೂ ಬೇಡ ಅಂತ ಅವಳಿಗೆ ಹೇಳೋಣ ಅಂದುಕೊಂಡು ತಿರುಗಿದೆ. ಅವಳು ಆಗಲೇ ಖಾಲಿಯಾದ ಸೀಟಿನಲ್ಲಿ ಕೂತು, ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು.