ಕಾಫಿ ತೋಟದ ನೆರಳು ಮರಗಳು: ಒಡೆತನ, ಮರಗಸಿ, ಅಳತೆ ಮತ್ತು ಮುಂದಿನ ಪೀಳಿಗೆ

ಖಾಸಗಿ ಕಾಡು ಎಂಬ ಮಾತು ಕೇಳಿದಾಗ ಬೇಲಿ ಹಾಕಿದ ತೇಗದ ತೋಪೋ ನೀಲಗಿರಿಯ ನೆಡುತೋಪೋ ನಮ್ಮ ಕಣ್ಣ ಮುಂದೆ ಬರುತ್ತದೆ. ಆದರೆ ಕರ್ನಾಟಕದಲ್ಲಿ ಖಾಸಗಿಯವರ ಕೈಯಲ್ಲಿರುವ, ಎತ್ತರದ ಕಾಡುಮರಗಳಿಂದ ಕೂಡಿದ ಭೂಮಿಯನ್ನು ನೋಡಬೇಕಾದರೆ ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಕಾಫಿ ತೋಟಗಳಿಗೇ ಹೋಗಬೇಕು. ಕೆಳಗೆ ಕಾಫಿ, ಅದರ ಮೇಲೆ ಹಾಲುವಾಣ, ಅದಕ್ಕೂ ಮೇಲೆ ಅತ್ತಿ, ಬಸರಿ, ಗೋಣಿ, ಹಲಸು, ನಂದಿ, ಮತ್ತಿ, ಹೊನ್ನೆ, ಬಿಲ್ವಾರ, ಬೀಟೆ ಎಂದು ಅಂತಸ್ತು ಅಂತಸ್ತಾಗಿ ನಿಂತಿರುವ ಈ ಮರಸಮೂಹವನ್ನು ಪಠ್ಯಪುಸ್ತಕಗಳು ಕೃಷಿ ಅರಣ್ಯ ಎಂಬ ಶೀರ್ಷಿಕೆಯಡಿ ಸೇರಿಸಿ ಬೇಗ ಮುಗಿಸಿಬಿಡುತ್ತವೆ. ಈ ಟಿಪ್ಪಣಿಯಲ್ಲಿ ಮುಖ್ಯವಾಗಿ ಕೊಡಗಿನ ಉದಾಹರಣೆಯನ್ನು ಇಟ್ಟುಕೊಂಡು, ಇಂಥ ಮರಗಳನ್ನು ನೋಡಿಕೊಳ್ಳುವುದೆಂದರೆ ಏನು ಎಂಬುದನ್ನು ಬಿಡಿಸಿ ಹೇಳಲು ಪ್ರಯತ್ನಿಸಿದ್ದೇನೆ.

ನೆಲ ಯಾರದು, ಮರ ಯಾರದು

ಈ ಎರಡು ಪ್ರಶ್ನೆಗಳಿಗೆ ಒಂದೇ ಉತ್ತರವಿರುತ್ತದೆ ಎಂದು ಭಾವಿಸುವುದು ವಿದ್ಯಾರ್ಥಿಗಳು ಮಾಡುವ ಮೊದಲ ತಪ್ಪು. ಕೊಡಗಿನಲ್ಲಿ ಬಾಣೆ ಎಂದರೆ ಗದ್ದೆಗೆ ಹೊಂದಿಕೊಂಡಂತೆ ಕೊಟ್ಟ ಮರಗಾಡಿನ ಎತ್ತರದ ಭೂಮಿ. ದನಗಳ ಮೇವು, ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ಮನೆಗೂ ನೇಗಿಲಿಗೂ ಬೇಕಾದ ಮರ ಇವುಗಳಿಗಾಗಿ ಕಂದಾಯವಿಲ್ಲದೆ ಗದ್ದೆಯ ಹಿಡುವಳಿದಾರನಿಗೆ ಅದು ಸೇರುತ್ತಿತ್ತು. 1899ರ ಕೊಡಗು ಭೂ ಮತ್ತು ಕಂದಾಯ ರೆಗ್ಯುಲೇಷನ್ನಿನಲ್ಲಿ ಈ ವ್ಯವಸ್ಥೆಗೆ ಕಾನೂನಿನ ರೂಪ ಸಿಕ್ಕಿತು. ಕಾಲಕ್ರಮದಲ್ಲಿ ಬಾಣೆಗಳಲ್ಲಿ ಕಾಫಿ ಬಂತು, ಆದರೆ ಮರದ ಹಕ್ಕಿನ ಪ್ರಶ್ನೆ ಹಾಗೆಯೇ ಉಳಿಯಿತು. ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಹಕ್ಕನ್ನು ಬಿಡಿಸಿಕೊಂಡಿದ್ದರೆ ಅದು ರಿಡೀಮ್ಡ್ ಜಮೀನು. ಕಟ್ಟದೆ ಇದ್ದರೆ ಅನ್‌ರಿಡೀಮ್ಡ್. ಎರಡನೆಯ ಬಗೆಯ ಜಮೀನಿನಲ್ಲಿ ತೋಟ ಮಾಡಿದವನು, ಕಳೆ ತೆಗೆದವನು, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದವನು ಬೆಳೆಗಾರನೇ ಆದರೂ ಮರದ ಮೇಲೆ ಸರ್ಕಾರದ ಹಕ್ಕು ಉಳಿದಿರುತ್ತದೆ. ಹೀಗಾಗಿ ಯಾವುದೇ ತೋಟದ ಮರಗಳ ಬಗ್ಗೆ ಸಲಹೆ ಕೊಡುವ ಮೊದಲು ಪಹಣಿಯನ್ನು ನೋಡಬೇಕು. ಉತ್ತರ ಕನ್ನಡದ ಅಡಿಕೆ ಬೆಳೆಗಾರರು ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟವನ್ನು ಇದರೊಂದಿಗೆ ಬೆರೆಸಬಾರದು. ಅಲ್ಲಿ ಇರುವುದು ಸರ್ಕಾರಿ ಭೂಮಿಯ ಮೇಲಿನ ಸವಲತ್ತು ಮಾತ್ರ.

ಶ್ರೀಗಂಧದ ಕತೆ ಇನ್ನೂ ಬೇರೆ. ಮೈಸೂರು ಸಂಸ್ಥಾನದ ಕಾಲದಿಂದ ರಾಜವೃಕ್ಷವಾಗಿದ್ದ ಗಂಧದ ಮರವು ಯಾರ ಹಿತ್ತಲಿನಲ್ಲಿ ಹುಟ್ಟಿದರೂ ಸರ್ಕಾರದ್ದೇ ಆಗಿತ್ತು. 2001ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದ ಮೇಲೆ ಜಮೀನಿನ ಒಡೆಯನೇ ಮರದ ಒಡೆಯನೂ ಆದ. ಅಲ್ಲಿಯವರೆಗೆ ಗಂಧದ ಸಸಿ ತಾನಾಗಿ ಎದ್ದರೆ ಅದನ್ನು ಕಿತ್ತೆಸೆಯುವವರೇ ಹೆಚ್ಚಾಗಿದ್ದರು. ತನ್ನದಲ್ಲದ ಮರವನ್ನು ಕಾಯುವ ಹೊಣೆಯನ್ನು ಯಾರೂ ಇಷ್ಟಪಟ್ಟು ಹೊರುವುದಿಲ್ಲ. ಮುಂದೆ ಹೇಳಲಿರುವ ಸಿಲ್ವರ್ ಓಕ್‌ನ ಪ್ರಸಂಗವನ್ನು ಅರ್ಥಮಾಡಿಕೊಳ್ಳಲು ಈ ಮಾತು ನೆನಪಿನಲ್ಲಿರಲಿ.

ಹಕ್ಕು ತನ್ನದೇ ಆದ ಮರವನ್ನು, ಅಂದರೆ ಮಾಲ್ಕಿ ಮರವನ್ನು ಕಡಿಯಲು ಕೂಡ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಒಣಗಿದ, ರೋಗ ತಗುಲಿದ, ಗಾಳಿಗೆ ಉರುಳಿದ, ಕಡಿಯುವ ವಯಸ್ಸಿಗೆ ಬಲಿತ ಅಥವಾ ಜೀವಕ್ಕೂ ಆಸ್ತಿಗೂ ಅಪಾಯ ತರುವ ಮರಗಳಿಗೆ ಅನುಮತಿ ಸಿಗಬಹುದು. ಕಡಿದ ಮರಕ್ಕೆ ಬದಲಾಗಿ ಗಿಡ ನೆಡುವ ಹೊಣೆಯೂ ಇದೆ. ಕೆಲವು ಜಾತಿಯ ಮರಗಳಿಗೆ ಮಾತ್ರ ಈ ಅನುಮತಿಯಿಂದ ವಿನಾಯಿತಿ ಸಿಕ್ಕಿದ್ದು, ತೆಂಗು, ಗಾಳಿಮರ, ನೀಲಗಿರಿ, ರಬ್ಬರ್, ಸುಬಾಬುಲ್ ಜೊತೆಗೆ ಸಿಲ್ವರ್ ಓಕ್ ಕೂಡ ಆ ಪಟ್ಟಿಯಲ್ಲಿದೆ.

ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ನೆಟ್ಟಗೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆಯಾಗುತ್ತದೆ, ಪ್ಲೈವುಡ್ ಕಾರ್ಖಾನೆಗೆ ಮಾರಲೂ ಬರುತ್ತದೆ. ಕಾಫಿ ಬೆಲೆ ಕುಸಿದ ವರ್ಷ ಮಗಳ ಮದುವೆಗೋ ಮಗನ ಕಾಲೇಜಿಗೋ ಹಣ ಬೇಕಾದಾಗ ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತದೆ ಕಡಿದು ಕೊಡಬಹುದಾದ ಮರ ಇದು. ಪಕ್ಕದಲ್ಲಿ ಅಷ್ಟೇ ವರ್ಷದಿಂದ ನಿಂತಿರುವ ನಂದಿಯೋ ಹೊನ್ನೆಯೋ ಹಾಗಲ್ಲ. ನಾಡಮರವನ್ನು ಉಳಿಸಲೆಂದು ಮಾಡಿದ ಕಾನೂನು ಹೊಸದಾಗಿ ನಾಡಮರವನ್ನು ಬೆಳೆಸುವ ಆಸೆಯನ್ನೇ ಕುಗ್ಗಿಸಿತು ಎಂಬುದು ನನ್ನ ತಿಳಿವಳಿಕೆ. ಹಾಗೆಂದು ಕಾನೂನೇ ಬೇಡವೆನ್ನುವಂತಿಲ್ಲ, ಅದಿಲ್ಲದಿದ್ದರೆ ದೊಡ್ಡ ಬೀಟೆ ಮರಗಳು ಎಂದೋ ಲಾರಿ ಏರುತ್ತಿದ್ದವು. ಬೆಳೆಗಾರನನ್ನು ಮಾತ್ರ ದೂರುವ ಪ್ರಬಂಧಗಳು ಅರ್ಧ ಮಾತನ್ನೇ ಹೇಳುತ್ತವೆ ಎಂಬುದಷ್ಟೇ ಇಲ್ಲಿನ ಆಕ್ಷೇಪ.

ಇಲ್ಲಿ ಅತ್ತಿಯ ಜಾತಿಯ ಮರಗಳ ಬಗ್ಗೆ ಒಂದು ಮಾತು. ಅತ್ತಿ, ಬಸರಿ, ಗೋಣಿ ಮರಗಳಿಗೆ ನಾಟದ ಬೆಲೆ ಇಲ್ಲವೆಂದೇ ಹೇಳಬೇಕು, ಮರದ ವ್ಯಾಪಾರಿ ಅವುಗಳ ಕಡೆ ತಲೆಯೆತ್ತಿಯೂ ನೋಡುವುದಿಲ್ಲ. ತಂಪಾದ ನೆರಳು ಮತ್ತು ಧಾರಾಳವಾದ ತರಗು ಕೊಡುತ್ತವೆ ಎಂದು ಹಿಂದಿನವರು ಅವನ್ನು ಉಳಿಸಿಕೊಂಡರು. ಬೇರೆ ಹಣ್ಣುಗಳಿಲ್ಲದ ಕಾಲದಲ್ಲಿ ಹಕ್ಕಿಗಳಿಗೂ ಬಾವಲಿಗಳಿಗೂ ಅವು ಆಹಾರವಾದವು. ಹಲಸಿನ ಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಹಣ್ಣಿನ ಕಾಲಕ್ಕೆ ಆನೆ ತೋಟಕ್ಕೆ ನುಗ್ಗುತ್ತದೆ ಎಂಬ ಭಯದಿಂದ ಎಳೆಗಾಯಿಗಳನ್ನೇ ಕಿತ್ತುಹಾಕುವವರಿದ್ದಾರೆ.

ನೆರಳು ಎಷ್ಟು, ಯಾವಾಗ

ಅರೇಬಿಕಾಗೆ ಹೆಚ್ಚು ನೆರಳು, ರೊಬಸ್ಟಾಗೆ ಕಡಿಮೆ ನೆರಳು ಎಂಬುದು ಎಲ್ಲರೂ ಬಾಯಿಪಾಠ ಮಾಡುವ ಉತ್ತರ. ಇದರ ಹಿಂದಿನ ಕಾರಣವನ್ನು ಕೀಟ ಮತ್ತು ರೋಗಗಳ ಮೂಲಕ ಅರ್ಥಮಾಡಿಕೊಂಡರೆ ಮರೆಯುವುದಿಲ್ಲ. ಅರೇಬಿಕಾದ ದೊಡ್ಡ ಶತ್ರುವಾದ ಬಿಳಿ ಕಾಂಡಕೊರಕದ ದುಂಬಿ ಬಿಸಿಲನ್ನು ಬಯಸುತ್ತದೆ. ಮೇ ತಿಂಗಳ ಸುಮಾರಿಗೆ ಮತ್ತು ಮತ್ತೆ ಮಳೆ ಹಿಂದೆ ಸರಿದ ಮೇಲೆ ಹೊರಬರುವ ದುಂಬಿಗಳು ಬಿಸಿಲು ಬೀಳುವ ಕಾಂಡಗಳ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆ ಇಡುತ್ತವೆ. ಮರ ಕಡಿದು ತೆರವಾದ ಜಾಗದಲ್ಲಿ ಮೊದಲು ಗಿಡ ಹಳದಿಯಾಗುವುದು ಇದೇ ಕಾರಣಕ್ಕೆ. ನೆರಳು ಅತಿಯಾದರೆ ಇನ್ನೊಂದು ಕಷ್ಟವಿದೆ. ಮುಂಗಾರಿನ ನಡುವೆ ವಾರಗಟ್ಟಲೆ ಎಲೆ ಒಣಗದ ದಟ್ಟ ನೆರಳಿನಲ್ಲಿ ಕೊಳೆರೋಗ ಹಬ್ಬಿ ಎಲೆಯೂ ಕಾಯಿಯೂ ಕಪ್ಪಾಗಿ ಉದುರುತ್ತವೆ. ಕಾಯಿಕೊರಕಕ್ಕೂ ಇಂಥ ತಂಪು ಹಿಡಿಸುತ್ತದೆ.

ಆದುದರಿಂದ ತೋಟಕ್ಕೆ ಬೇಸಿಗೆಯಲ್ಲಿ ಹೆಚ್ಚು ನೆರಳೂ ಮಳೆಗಾಲದಲ್ಲಿ ಕಡಿಮೆ ನೆರಳೂ ಬೇಕು. ನಿಂತಲ್ಲೇ ನಿಂತ ಮರದಿಂದ ಇದನ್ನು ಪಡೆಯುವ ಉಪಾಯವೇ ಮರಗಸಿ. ಹೂಮಳೆ ಬಿದ್ದು ಕಾಯಿ ಕಚ್ಚಿದ ಮೇಲೆ, ಮುಂಗಾರು ಬಲಗೊಳ್ಳುವ ಮೊದಲು ಹಾಲುವಾಣದ ರೆಂಬೆಗಳನ್ನು ಕತ್ತರಿಸಿ ಮೇಲಿನ ಮರಗಳ ತಗ್ಗಿನ ಕೊಂಬೆಗಳನ್ನು ಬಿಡಿಸುತ್ತಾರೆ. ಮಳೆ ಮುಗಿಯುವ ಹೊತ್ತಿಗೆ ಹೊಸ ಚಿಗುರು ಬಂದು, ಬೇಸಿಗೆಯ ವೇಳೆಗೆ ಕೊಡೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಈ ಕೆಲಸವನ್ನು ಸೌದೆಯ ಆಸೆಗೆ ಡಿಸೆಂಬರಿನಲ್ಲಿ ಮಾಡಿದರೆ ಬೇಸಿಗೆಯ ಉದ್ದಕ್ಕೂ ತೋಟ ಬೋಳಾಗಿ ನಿಲ್ಲುತ್ತದೆ. ಹಾಲುವಾಣವು ದ್ವಿದಳ ಜಾತಿಯದು, ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಹಿಡಿದಿಡುತ್ತದೆ, ಅದರ ಸೊಪ್ಪು ಬೇಗ ಕೊಳೆಯುತ್ತದೆ. ಸಿಲ್ವರ್ ಓಕ್‌ನ ತರಗು ಬಹುಕಾಲ ಹಾಗೆಯೇ ಬಿದ್ದಿರುತ್ತದೆ. 2000ರ ದಶಕದ ಮಧ್ಯದಲ್ಲಿ ಚಿಗುರಿನಲ್ಲಿ ಗಂಟು ಮಾಡುವ ಸಣ್ಣ ಕಣಜವೊಂದು ಹಾಲುವಾಣಕ್ಕೆ ತಗುಲಿದ್ದು ಅನೇಕ ತೋಟಗಳ ಲೆಕ್ಕಾಚಾರವನ್ನು ಕೆಡಿಸಿತು.

ನೆರಳನ್ನು ಕಣ್ಣಂದಾಜಿನಲ್ಲಿ ಹೇಳುವುದಕ್ಕಿಂತ ಅಳೆಯುವುದು ಮೇಲು, ಅಳೆಯಲು ಯಂತ್ರವೇನೂ ಬೇಡ. ಅರ್ಧ ಅಡಿ ಉದ್ದದ ಪಿವಿಸಿ ಪೈಪಿನ ತುಂಡೊಂದು ಮತ್ತು 30 ಮೀಟರ್ ಹಗ್ಗ ಸಾಕು. ಹಗ್ಗವನ್ನು ಕಾಫಿ ಸಾಲುಗಳಿಗೆ ಓರೆಯಾಗಿ ಎಳೆದು, ಪ್ರತಿ ಮೀಟರಿಗೆ ನಿಂತು, ಪೈಪನ್ನು ನೇರ ಮೇಲಕ್ಕೆ ಹಿಡಿದು ನೋಡಬೇಕು. ಕೊಳವೆಯ ನಡುವೆ ಎಲೆ ಕಂಡರೆ ಒಂದು ಗೀಟು, ಆಕಾಶ ಕಂಡರೆ ಸೊನ್ನೆ. 30ರಲ್ಲಿ 18 ಗೀಟು ಬಂದರೆ ನೆರಳು ನೂರಕ್ಕೆ 60. ಮೋಡ ಮುಚ್ಚಿದ ಜುಲೈನಲ್ಲೂ ಈ ಕ್ರಮ ನಡೆಯುತ್ತದೆ. ನೆಲದ ಮೇಲಿನ ಬಿಸಿಲ ಚುಕ್ಕೆಗಳನ್ನು ಎಣಿಸುವ ಇನ್ನೊಂದು ಕ್ರಮಕ್ಕೆ ಸೂರ್ಯ ನೆತ್ತಿಯ ಮೇಲಿರಬೇಕು. ಕೊಡಗಿನ ಅಕ್ಷಾಂಶದಲ್ಲಿ ಅದು ಏಪ್ರಿಲ್ ನಾಲ್ಕನೆಯ ವಾರದ ಸುಮಾರಿಗೆ, ಗಡಿಯಾರದಲ್ಲಿ ಹನ್ನೆರಡೂವರೆಯ ಹತ್ತಿರ ಒದಗುತ್ತದೆ. ಮರಗಸಿಯ ಮೊದಲೂ ನಂತರವೂ ಒಂದೇ ಗೆರೆಯ ಮೇಲೆ ಅಳೆದರೆ, ಎಷ್ಟು ಬಿಡಿಸಿದೆವು ಎಂಬುದಕ್ಕೆ ಲೆಕ್ಕ ಸಿಗುತ್ತದೆ.

ಒಂದು ಕೊಂಬೆಯನ್ನು ಕಡಿಯುವ ಕ್ರಮ

ತೋಳಿನಷ್ಟು ದಪ್ಪದ ಕೊಂಬೆಯನ್ನು ಮೇಲಿನಿಂದ ಒಂದೇ ಸಮನೆ ಕಡಿದರೆ, ಮುಕ್ಕಾಲು ಭಾಗ ತುಂಡಾದಾಗ ತನ್ನದೇ ಭಾರಕ್ಕೆ ಅದು ಜಗ್ಗಿ, ಕೆಳಗಿನ ತೊಗಟೆಯನ್ನು ಕಾಂಡದ ಉದ್ದಕ್ಕೂ ಸೀಳಿಕೊಂಡು ಬೀಳುತ್ತದೆ. ಇದನ್ನು ತಪ್ಪಿಸಲು ಮೂರು ಕಡಿತಗಳ ಕ್ರಮವನ್ನು ಅನುಸರಿಸಬೇಕು. ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ, ಕೊಂಬೆಯ ಅಡಿಭಾಗದಿಂದ ಮೂರನೆಯ ಒಂದು ಭಾಗದಷ್ಟು ಆಳಕ್ಕೆ ಗರಗಸ ಹಾಕಬೇಕು. ಆಮೇಲೆ ಅದಕ್ಕಿಂತ ಒಂದೆರಡು ಅಂಗುಲ ಹೊರಗೆ ಮೇಲಿನಿಂದ ಕಡಿದರೆ ಕೊಂಬೆ ಸೀಳದೆ ಕಳಚಿಕೊಳ್ಳುತ್ತದೆ. ಉಳಿದ ಮೋಟನ್ನು ಕೊನೆಗೆ ತೆಗೆಯಬೇಕು. ಕೊಂಬೆಯು ಕಾಂಡವನ್ನು ಸೇರುವಲ್ಲಿ ಸುಕ್ಕುಗಟ್ಟಿದ ಉಬ್ಬು ಉಂಗುರವೊಂದು ಇರುತ್ತದೆ, ಅದಕ್ಕೆ ಗಾಯವಾಗದಂತೆ ಅದರ ಹೊರಗೆ ಮೂರನೆಯ ಕಡಿತ ಬೀಳಬೇಕು. ಮೋಟು ಉಳಿದರೆ ಅದು ಕೊಳೆತು ಒಳಗಿನ ಮರಕ್ಕೆ ದಾರಿಯಾಗುತ್ತದೆ, ಕಾಂಡಕ್ಕೆ ತಾಗಿಸಿ ಸವರಿದರೆ ಉಂಗುರವೇ ಹೋಗಿ ಗಾಯ ಮುಚ್ಚುವುದು ತಡವಾಗುತ್ತದೆ.

ಮರವು ನಮ್ಮ ಚರ್ಮದಂತೆ ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ, ಕೆಟ್ಟ ಭಾಗದ ಸುತ್ತ ಗೋಡೆ ಕಟ್ಟಿ ಅದನ್ನು ಬೇರ್ಪಡಿಸಿ ಬೆಳೆಯುತ್ತದೆ ಎಂಬುದನ್ನು ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿಕೊಟ್ಟರು. ಗಾಯಕ್ಕೆ ಟಾರು, ಬಣ್ಣ ಬಳಿಯುವುದರಿಂದ ಕೊಳೆಯುವುದು ನಿಲ್ಲುವುದಿಲ್ಲ ಎಂಬುದೂ ಅದೇ ಅಧ್ಯಯನಗಳ ಫಲ. ಸರಿಯಾದ ಜಾಗದಲ್ಲಿ ಬಿದ್ದ ಕಡಿತಕ್ಕಿಂತ ಒಳ್ಳೆಯ ಮುಲಾಮು ಇಲ್ಲ.

ದೊಡ್ಡ ಕೊಂಬೆಗಳನ್ನು ಹಗ್ಗ ಕಟ್ಟಿ ಇಳಿಸದಿದ್ದರೆ ಕೆಳಗಿನ ಹತ್ತಾರು ವರ್ಷದ ಕಾಫಿ ಗಿಡ ಮುರಿಯುತ್ತದೆ. ಗಿಡದ ಮಾತು ಹಾಗಿರಲಿ. ತೋಟಗಳಲ್ಲಿ ಮರದಿಂದ ಬಿದ್ದು ಸಾಯುವವರ ಜೊತೆಗೆ, ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಸಾಯುವ ಕಾರ್ಮಿಕರ ಸುದ್ದಿಯೂ ಆಗಾಗ ಬರುತ್ತಿರುತ್ತದೆ. ತಂತಿಯ ಹತ್ತಿರದ ಮರಗಳಿಗೆ ವಿದ್ಯುತ್ ನಿಲ್ಲಿಸಿದ ಮೇಲೆಯೇ ಕೈ ಹಾಕಬೇಕು. ಏಣಿ ಬಿದಿರಿನದಾದರೂ ಹಸಿಯಾಗಿದ್ದರೆ ಅದನ್ನು ನಂಬಬಾರದು.

ನಾಟದ ಅಳತೆ

ವ್ಯಾಪಾರಿ ಹೇಳುವ ಅಡಿ ಮತ್ತು ರೇಖಾಗಣಿತದ ಘನ ಅಡಿ ಒಂದೇ ಅಲ್ಲ. ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವ ಕಾಲುಸುತ್ತಳತೆಯ ಸೂತ್ರವೇ ಬಹುಕಾಲದಿಂದ ರೂಢಿಯಲ್ಲಿದೆ. 16 ಅಡಿ ಉದ್ದದ, ನಡುವೆ 6 ಅಡಿ ಸುತ್ತಳತೆಯ ದಿಮ್ಮಿಗೆ ಇದರಿಂದ 36 ಘನ ಅಡಿ ಬರುತ್ತದೆ, ಆದರೆ ಅದೇ ಗಾತ್ರದ ಉರುಳೆಯ ನಿಜವಾದ ಘನಫಲ ಸುಮಾರು 45.8. ಸೂತ್ರವು ಯಾವಾಗಲೂ ನೂರಕ್ಕೆ 78.5ರಷ್ಟನ್ನೇ ಕೊಡುತ್ತದೆ, ಕೊಯ್ಯುವಾಗ ಹೋಗುವ ಬದಿಹಲಗೆಯ ಬಾಬ್ತು ಎಂದು ಇದನ್ನು ಸಮರ್ಥಿಸುತ್ತಾರೆ. ಇದು ಇಬ್ಬರಿಗೂ ಗೊತ್ತಿದ್ದು ದರವೂ ಅದಕ್ಕೆ ತಕ್ಕಂತೆ ನಿಂತಿದ್ದರೆ ಮೋಸವಿಲ್ಲ. ಮೋಸ ನಡೆಯುವುದು ಟೇಪು ಹಿಡಿಯುವ ಜಾಗದಲ್ಲಿ. ಅದೇ ದಿಮ್ಮಿಯನ್ನು ನಡುವೆ ಅಳೆಯದೆ 5 ಅಡಿ ಸುತ್ತಳತೆಯ ತುದಿಯಲ್ಲಿ ಅಳೆದರೆ ಲೆಕ್ಕ 25 ಘನ ಅಡಿಗೆ ಇಳಿಯುತ್ತದೆ. ಹನ್ನೊಂದು ಅಡಿ ನಾಟ ಬರೀ ಟೇಪು ಜಾರಿದ್ದಕ್ಕೆ ಹೋಯಿತು. ತೊಗಟೆಯ ಮೇಲೆ ಅಳೆದರೇ ತೊಗಟೆ ತೆಗೆದು ಅಳೆದರೇ ಎಂಬುದನ್ನೂ ಕಾಗದದ ಮೇಲೆ ಮೊದಲೇ ಬರೆಸಿಕೊಳ್ಳಬೇಕು. ನಿಂತ ಮರದ ಸುತ್ತಳತೆಯನ್ನು 1.37 ಮೀಟರ್ ಎತ್ತರದಲ್ಲಿ, ಇಳಿಜಾರಿನಲ್ಲಾದರೆ ಮೇಲ್ಬದಿಯಲ್ಲಿ ನಿಂತು ಅಳೆಯಬೇಕೆಂಬ ನಿಯಮವನ್ನು ಪರೀಕ್ಷೆಯಲ್ಲಿ ಕೇಳುತ್ತಾರೆ.

ಮರಿಮರಗಳ ಕೊರತೆ

ತೋಟವೊಂದರ ಮರಗಳನ್ನೆಲ್ಲ ಸುತ್ತಳತೆಯ ಪ್ರಕಾರ ವಿಂಗಡಿಸಿದರೆ, ಆರೋಗ್ಯವಂತ ಕಾಡಿನಲ್ಲಿ ಸಣ್ಣ ಮರಗಳು ಹೆಚ್ಚಾಗಿದ್ದು ದಪ್ಪ ಮರಗಳು ಕಡಿಮೆಯಾಗುತ್ತಾ ಹೋಗಬೇಕು. ನಾಡಮರಗಳನ್ನು ಮಾತ್ರ ಬೇರೆ ಮಾಡಿ ಇದೇ ಲೆಕ್ಕ ಹಾಕಿ ನೋಡಿ. ಎರಡು ಆಳು ತಬ್ಬುವಂಥ ಮರಗಳಿರುತ್ತವೆ, ಮಣಿಕಟ್ಟಿನ ದಪ್ಪದವು ಕಾಣಿಸುವುದೇ ಅಪರೂಪ. ಸಣ್ಣ ಗಾತ್ರದ ಸಾಲನ್ನು ತುಂಬಿರುವುದು ಸಿಲ್ವರ್ ಓಕ್. ಅಂದರೆ ಇಂದು ಹಸಿರಾಗಿ ಕಾಣುವ ಮೇಲ್ಛಾವಣಿಗೆ ವಾರಸುದಾರರಿಲ್ಲ. ಒಂದು ದೊಡ್ಡ ಗೋಣಿ ಮರ ಮಳೆಗಾಲದ ಗಾಳಿಗೆ ಉರುಳಿದಾಗ ಆ ಜಾಗವನ್ನು ತುಂಬಲು ಪಕ್ಕದಲ್ಲಿ ಯಾರೂ ಸಿದ್ಧವಾಗಿ ನಿಂತಿರುವುದಿಲ್ಲ.

ಬೀಜ ಬೀಳುತ್ತಿಲ್ಲವೆಂದಲ್ಲ. ಮಳೆ ಶುರುವಾದ ಮೇಲೆ ನಂದಿ, ಹೊನ್ನೆ, ಹಲಸು, ನೇರಳೆಯ ಸಸಿಗಳು ಕಾಫಿಯ ಬುಡದಲ್ಲಿ ಎದ್ದಿರುತ್ತವೆ. ಕಳೆ ಕೊಚ್ಚುವ ಕತ್ತಿಗೆ ಅವೂ ಕಳೆಯೇ. ಇದನ್ನು ಸರಿಪಡಿಸುವುದು ನರ್ಸರಿಯಿಂದ ಸಸಿ ತಂದು ನೆಡುವುದಕ್ಕಿಂತ ಅಗ್ಗದ ಕೆಲಸ. ಕಳೆಗೆ ಆಳು ಇಳಿಯುವ ಹಿಂದಿನ ದಿನ, ಮುಂದೆ ಮರ ಬೇಕೆನಿಸುವ ಜಾಗಗಳಲ್ಲಿ ಎದ್ದ ಸಸಿಗಳ ಪಕ್ಕ ತುದಿಗೆ ಸುಣ್ಣ ಬಳಿದ ಎದೆಯೆತ್ತರದ ಬಿದಿರು ಗೂಟವನ್ನು ಊರಬೇಕು. ಗೂಟ ಮೊಣಕಾಲೆತ್ತರವಿದ್ದರೆ ಕಳೆಯಲ್ಲಿ ಮುಚ್ಚಿಹೋಗುತ್ತದೆ. ವಿದ್ಯುತ್ ತಂತಿ, ಕಾರ್ಮಿಕರ ಲೈನ್ ಮನೆ, ಕಣ ಇವುಗಳ ಹತ್ತಿರದ ಸಸಿಗಳನ್ನು ಆರಿಸಬಾರದು, ಏಕೆಂದರೆ ಆ ಮರ ಮುಂದೊಂದು ದಿನ ಅಪಾಯದ ಮರವೆಂಬ ಅರ್ಜಿಯಾಗಿಯೇ ಕೊನೆಗೊಳ್ಳುತ್ತದೆ. ಸಸಿಯ ಜಾತಿ, ಗುರುತಿಸಿದ ವರ್ಷ, ಸರ್ವೆ ನಂಬರು, ಹತ್ತಿರದ ದೊಡ್ಡ ಮರದಿಂದ ಎಷ್ಟು ಹೆಜ್ಜೆ ಎಂಬ ನಾಲ್ಕು ವಿವರಗಳನ್ನು ತೋಟದ ಪುಸ್ತಕದಲ್ಲಿ ಬರೆದಿಟ್ಟು, ಮರುವರ್ಷ ಅದೇ ತಿಂಗಳಲ್ಲಿ ಉಳಿದವುಗಳನ್ನು ಎಣಿಸಿ, ಬಾಗಿದ ಗೂಟಗಳನ್ನು ನೆಟ್ಟಗೆ ಮಾಡಿ ಬರಬೇಕು.