ಚೆಂಡೆಗೆ ಮೈಕ್ ಯಾಕೆ ಬೇಕು?

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದರೆ ನಮ್ಮ ಕಡೆ ಮಳೆಗಾಲ ಪೂರ್ತಿ ತಾಳಮದ್ದಳೆ, ಭಜನೆ, ಗಾನವೈಭವ. ಎಲ್ಲವೂ ಸೂರಿನಡಿ. ಹಳೆಯ ಜಗಳ ಮತ್ತೆ ಶುರುವಾಗುವುದೂ ಆಗಲೇ. ಭಜನೆಗೆ ಕೀಬೋರ್ಡ್ ಯಾಕೆ? ಯಕ್ಷಗಾನದ ಪದಕ್ಕೆ (ಹಾಡಿಗೆ) ರಿದಮ್ ಪ್ಯಾಡ್ ಇಟ್ಟರೆ ಅದು ಯಕ್ಷಗಾನ ಆಗುತ್ತದಾ? ಹಾರ್ಮೋನಿಯಂ ಎತ್ತಿಟ್ಟು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಂದದ್ದು ಸರಿಯಾ?

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯ ಆಟ (ಯಕ್ಷಗಾನ ಬಯಲಾಟ), ಕೂಟ (ತಾಳಮದ್ದಳೆ), ಭಜನೆಗಳಿಗೆ ಮೈಕ್ ಕಟ್ಟುವುದು ನನ್ನ ಕೆಲಸ. ಹಾಗಾಗಿ ಎರಡೂ ಕಡೆಯವರು ನನ್ನ ಹತ್ತಿರ ಬರುತ್ತಾರೆ. ಹಿರಿಯರು "ಇದೆಲ್ಲ ಬೇಕಾ ಮಾರಾಯಾ, ನೀನಾದ್ರೂ ಹೇಳು" ಅನ್ನುತ್ತಾರೆ. ಹುಡುಗರು ಸದ್ದು ಏರಿಳಿಸುವ ಮಿಕ್ಸರ್ ಪಕ್ಕ ಬಗ್ಗಿ "ಅಣ್ಣಾ, ಇನ್ನು ಸ್ವಲ್ಪ ಜಾಸ್ತಿ ಕೊಡಿ" ಅನ್ನುತ್ತಾರೆ.

ವಾದ್ಯಕ್ಕೆ ಕರೆಂಟ್ ಬಂದದ್ದಕ್ಕೆ ನನ್ನ ತಕರಾರಿಲ್ಲ. ಪದದ ಮಾತು ಮುಳುಗುವುದಕ್ಕೆ ತಕರಾರಿದೆ. ಹಾಡುವವರ ಹಿಂದೆ ವಾದ್ಯ ಹೋಗಬೇಕಾದಲ್ಲಿ ವಾದ್ಯದ ಹಿಂದೆ ಹಾಡುವವರು ಓಡುವುದಕ್ಕೆ ತಕರಾರಿದೆ. ಈ ಎರಡು ತೊಂದರೆ ಕರೆಂಟ್ ಇಲ್ಲದ ವಾದ್ಯದಿಂದಲೂ ಬರಬಹುದು. ಕರೆಂಟ್ ಇದ್ದೂ ಬಾರದಿರಬಹುದು.

ಇಂಥ ಜಗಳಗಳಲ್ಲಿ ಅತಿ ದೊಡ್ಡ ಹೆಸರು ಮಾಡಿದ್ದು ಅಮೆರಿಕದ್ದು. 1965ರ ಜುಲೈ 25, ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಜಾನಪದ ಸಂಗೀತೋತ್ಸವ. ಅಲ್ಲಿಯವರೆಗೆ ಮರದ ಗಿಟಾರ್ ಮತ್ತು ಮೌತ್ ಆರ್ಗನ್ ಹಿಡಿದು ಹಾಡಿ ಹೆಸರಾಗಿದ್ದ 24 ವರ್ಷದ ಬಾಬ್ ಡಿಲನ್ ಆ ರಾತ್ರಿ ಎಲೆಕ್ಟ್ರಿಕ್ ಗಿಟಾರ್ ತಗುಲಿಸಿಕೊಂಡು, ಡ್ರಮ್, ಬಾಸ್ ಇರುವ ತಂಡದ ಜತೆ ಬಂದರು. ಸಭೆಯಲ್ಲಿ ಕೂಗಾಟ ಎದ್ದಿತು. ಮೂರು ಹಾಡಿಗೆ ತಂಡ ಇಳಿಯಿತು. ಆಮೇಲೆ ಡಿಲನ್ ಒಬ್ಬರೇ ಮರದ ಗಿಟಾರ್ ಹಿಡಿದು ಬಂದು ಎರಡು ಹಾಡಿ ಮುಗಿಸಿದರು.

ಜನ ಯಾಕೆ ಕೂಗಿದರು ಎಂಬ ವಾದ ಇವತ್ತಿಗೂ ಮುಗಿದಿಲ್ಲ. ಎಲೆಕ್ಟ್ರಿಕ್ ಗಿಟಾರ್ ಮೇಲಿನ ಸಿಟ್ಟು ಎನ್ನುವವರಿದ್ದಾರೆ. ಹಾಡಿದ್ದು ತೀರಾ ಕಡಿಮೆಯಾಯಿತು, ಅದಕ್ಕೆ ಎನ್ನುವವರಿದ್ದಾರೆ. ಸೌಂಡ್ ಸರಿ ಇರಲಿಲ್ಲ ಎನ್ನುವವರೂ ಇದ್ದಾರೆ. ಹಿರಿಯ ಗಾಯಕ ಪೀಟ್ ಸೀಗರ್ ಕೊಡಲಿ ಹಿಡಿದು ಮೈಕಿನ ವಯರ್ ಕಡಿಯಲು ಹೊರಟರು ಎಂಬ ಕತೆ ದೇಶವೆಲ್ಲ ಸುತ್ತಿತು. ಸೀಗರ್ ಆಮೇಲೆ ವಿವರಿಸಿದ್ದು ಬೇರೆ. ಎಲೆಕ್ಟ್ರಿಕ್ ಆದದ್ದಕ್ಕೆ ಅವರಿಗೆ ಸಿಟ್ಟು ಬಂದಿರಲಿಲ್ಲ. ಸೌಂಡ್ ಒಡೆದು ಹಾಡಿನ ಮಾತೇ ಅರ್ಥವಾಗುತ್ತಿರಲಿಲ್ಲ. ಕೊಡಲಿ ಇದ್ದಿದ್ದರೆ ವಯರ್ ಕಡಿಯುತ್ತಿದ್ದೆ ಎಂದದ್ದು ಅದಕ್ಕಾಗಿ.

ಮಿಕ್ಸರ್ ಮುಂದೆ ಕೂರುವವರೆಲ್ಲ ಈ ಮಾತನ್ನು ಬರೆದಿಟ್ಟುಕೊಳ್ಳಬೇಕು. ಎಷ್ಟೋ ಸಲ ಸಂಪ್ರದಾಯ ಕೆಟ್ಟಿತು ಎಂದು ಜನ ಬೈಯುವುದು ಸೌಂಡ್ ಕೆಟ್ಟದ್ದಕ್ಕೆ.

ಅದೇ ದೇಶದ ಇನ್ನೊಬ್ಬ ಹಾಡುಗಾರ ಮಡ್ಡಿ ವಾಟರ್ಸ್. ಮಿಸಿಸಿಪ್ಪಿಯ ಹತ್ತಿ ಹೊಲಗಳ ಕಡೆಯಿಂದ 1943ರಲ್ಲಿ ಶಿಕಾಗೋಗೆ ಬಂದವರು. ಅಲ್ಲಿನ ಕ್ಲಬ್ಬುಗಳ ಗದ್ದಲದಲ್ಲಿ ಮರದ ಗಿಟಾರ್ ಕೇಳಿಸುತ್ತಿರಲಿಲ್ಲ. ಅದಕ್ಕೆ ಎಲೆಕ್ಟ್ರಿಕ್ ಗಿಟಾರ್ ಹಿಡಿದರು. 1958ರಲ್ಲಿ ಇಂಗ್ಲೆಂಡಿಗೆ ಹೋದಾಗ ಅಲ್ಲಿನ ಕೆಲವರಿಗೆ ಆ ಜೋರು ಹಿಡಿಸಲಿಲ್ಲ. ಹೊಲದ ಹಾಡು ಹೊಲದಲ್ಲಿದ್ದ ಹಾಗೇ ಬೇಕಿತ್ತು ಅವರಿಗೆ. ಹಾಡುವವನಿಗೆ ಮಾತ್ರ ತನ್ನ ಎದುರಿನ ಜನಕ್ಕೆ ಕೇಳಿಸುವುದು ಮುಖ್ಯವಾಗಿತ್ತು. ನಾನು ಮಡ್ಡಿ ವಾಟರ್ಸ್ ಪಕ್ಷ.

ನಮ್ಮಲ್ಲಿ ಪರಂಪರೆ ಎಂದು ಹಿಡಿದುಕೊಳ್ಳುವ ವಾದ್ಯಗಳಿಗೂ ಇಂಥ ಕತೆಗಳಿವೆ. ಶ್ರುತಿಗೆ ಹಾರ್ಮೋನಿಯಂ ಬೇಕು ಎನ್ನುತ್ತೇವೆ. ಅದೇ ಹಾರ್ಮೋನಿಯಂ ಅನ್ನು ಆಕಾಶವಾಣಿ 1940ರಲ್ಲಿ ಹೊರಗಿಟ್ಟಿತ್ತು. ಸ್ವರದಿಂದ ಸ್ವರಕ್ಕೆ ಜಾರಲು ಅದರಲ್ಲಿ ಆಗುವುದಿಲ್ಲ, ಅದು ನಮ್ಮ ಸಂಗೀತಕ್ಕೆ ಒಗ್ಗದ ಪರದೇಶಿ ವಾದ್ಯ ಎಂಬ ಕಾರಣ ಕೊಟ್ಟಿದ್ದರು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಯಕ್ಷಗಾನದಲ್ಲಿ ಹಾರ್ಮೋನಿಯಂಗೂ ಮೊದಲು ಶ್ರುತಿಗೆ ಪುಂಗಿ ಇತ್ತು. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಕ್ಕೆ ವಯಲಿನ್, ಸ್ಯಾಕ್ಸೊಫೋನ್ ತಂದಾಗ ಎದ್ದ ಗದ್ದಲ ಹಿರಿಯರಿಗೆ ನೆನಪಿರಬಹುದು. ಆ ಎರಡರಲ್ಲೂ ಕರೆಂಟ್ ಇರಲಿಲ್ಲ.

ಇನ್ನು ನಮ್ಮ ಆಟದ ವಿಷಯ. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಹಿಮ್ಮೇಳ (ಹಾಡು, ವಾದ್ಯ) ಹುಟ್ಟಿದ್ದೇ ಮೈಕ್ ಇಲ್ಲದ ಬಯಲಿಗೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯ ದೇವಸ್ಥಾನದ ಅಂಗಳಕ್ಕೆ, ಕೊಯ್ಲಾದ ಗದ್ದೆಗೆ. ಹಲಸಿನ ಮರದ ಚೆಂಡೆ, ಅದರ ಮೇಲೆ ಬಿಗಿದ ದನದ ಚರ್ಮ. ಇವತ್ತು ಇಂಥಲ್ಲಿ ಆಟ ಇದೆ ಎಂದು ಊರಿಗೆ ತಿಳಿಸುತ್ತಿದ್ದದ್ದೇ ಅದರ ಸದ್ದು. ಗುಡ್ಡದಾಚೆ ಕೇಳಲಿ ಎಂದೇ ಕಟ್ಟಿದ ವಾದ್ಯ ಅದು. ಅದರ ಪಕ್ಕ ಕೂತು ಭಾಗವತರು ಹಾಡಬೇಕು, ಹಾಡಿದ್ದು ಕಡೆಯ ಸಾಲಿಗೆ ಮುಟ್ಟಬೇಕು. ಏರು ಶ್ರುತಿ ಬಂದದ್ದು ಹಾಗೆ. ನಮ್ಮ ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು 2023ರಲ್ಲಿ ತೀರಿಕೊಂಡರು. ಅವರಂಥ ಕಂಠ ತಯಾರಾದದ್ದು ಈ ಬಯಲಿನಲ್ಲಿ.

ಮೈಕ್ ಬಂದ ಮೇಲೆ ಶ್ರುತಿ ಇಳಿಸಿ ಹಾಡಲು ಸಾಧ್ಯವಾಯಿತು. ಕರುಣದ ಪದವನ್ನು ಮೆಲ್ಲಗೆ ಎಳೆಯಲು ಸಾಧ್ಯವಾಯಿತು. ಇದು ಲಾಭವೇ. ತೊಂದರೆ ಬಂದದ್ದು ಚೆಂಡೆಗೂ ಮೈಕ್ ಇಟ್ಟ ದಿನ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಭಾಗವತರ ಬಾಯಿಂದ ಮೈಕ್ ಅರ್ಧ ಗೇಣು ದೂರ ಇದೆ ಎಂದುಕೊಳ್ಳಿ. ಅವರು ತಾಳ ಹಾಕುತ್ತಾ ಸ್ವಲ್ಪ ಹಿಂದೆ ಸರಿದು ಅದು ಒಂದು ಗೇಣಾದರೆ ಮೈಕಿಗೆ ಮುಟ್ಟುವ ಸ್ವರ 6 ಡೆಸಿಬಲ್ ಇಳಿಯುತ್ತದೆ. ಪಕ್ಕದಲ್ಲಿ ನಿಂತ ಚೆಂಡೆಯ ಸದ್ದು ಮಾತ್ರ ಆ ಮೈಕಿಗೆ ಮೊದಲಿನಷ್ಟೇ ಮುಟ್ಟುತ್ತಿರುತ್ತದೆ. ಭಾಗವತರು ಕೇಳುತ್ತಿಲ್ಲ ಎಂದು ನಾನು ಅವರ ಮೈಕ್ ಏರಿಸುತ್ತೇನೆ. ಜತೆಗೆ ಚೆಂಡೆಯೂ ಏರಿತು. ಅದರ ಮೇಲೆ ಚೆಂಡೆಗೆ ಬೇರೆ ಮೈಕ್. ಈಗ ಒಂದೇ ಪೆಟ್ಟು ಎರಡು ಮೈಕ್‌ನಲ್ಲಿ, ಒಂದರಲ್ಲಿ ಒಂದು ಕ್ಷಣದ ಸಣ್ಣ ಪಾಲಿನಷ್ಟು ತಡವಾಗಿ ಬರುತ್ತದೆ. ಎರಡೂ ಬೆರೆತು ಚೆಂಡೆಯ ನಾದ ಹೋಗಿ ಡಬ್ಬ ಬಡಿದಂತೆ ಕೇಳುತ್ತದೆ.

ಮಾತು ಮುಳುಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಕ, ಚ, ಟ, ತ, ಸ, ಶ ಇವನ್ನೆಲ್ಲ ಕಿವಿ ಬೇರೆ ಬೇರೆಯಾಗಿ ಗುರುತಿಸುವುದು ಹೆಚ್ಚಾಗಿ 2,000ದಿಂದ 4,000 ಹರ್ಟ್ಜ್ ನಡುವಿನ ಸದ್ದಿನಲ್ಲಿ. ಕೋಲು ಚರ್ಮಕ್ಕೆ ಬಿದ್ದಾಗಿನ ಚುರುಕು ಪೆಟ್ಟೂ ಅಲ್ಲೇ ಬಂದು ಕೂರುತ್ತದೆ. ಸ್ವರ ಕೇಳುತ್ತದೆ, ರಾಗ ಗೊತ್ತಾಗುತ್ತದೆ. ಪದ ಯಾವುದು ಎಂದು ಮಾತ್ರ ಗೊತ್ತಾಗುವುದಿಲ್ಲ. ಪ್ರಸಂಗ ಬಾಯಿಪಾಠ ಇದ್ದವರು ತುಂಬಿಸಿಕೊಳ್ಳುತ್ತಾರೆ. ಹೊಸಬರು ಸುಮ್ನೆ ಕೂರುತ್ತಾರೆ.

ಹಾಗಾಗಿ ಮುನ್ನೂರು ಜನ ಕೂರುವ ಅಂಗಳದಲ್ಲಿ ನಾನು ಚೆಂಡೆಗೆ ಮೈಕ್ ಇಡುವುದಿಲ್ಲ. ಭಾಗವತರಿಗೆ ಕೊಡುವುದು ಕಾರ್ಡಿಯಾಯ್ಡ್ ಮೈಕ್. ಅದು ತನ್ನ ಬೆನ್ನ ಹಿಂದಿನ ಸದ್ದನ್ನು ಕಡಿಮೆ ಹಿಡಿಯುತ್ತದೆ. ಆ ಬೆನ್ನು ಆದಷ್ಟು ಚೆಂಡೆಯ ಕಡೆಗೆ ಇರುವಂತೆ ತಿರುಗಿಸುತ್ತೇನೆ. ಮದ್ದಳೆಗೆ ಮೈಕ್ ಬೇಕು, ಅದರ ಸದ್ದು ಮೆದು. ಹಿಮ್ಮೇಳದ ಕಡೆ ಮುಖ ಮಾಡಿ ಒಂದು ಸಣ್ಣ ಬಾಕ್ಸ್ ಇಡಲೇಬೇಕು. ದೊಡ್ಡ ಬಾಕ್ಸ್‌ಗಳೆಲ್ಲ ಸಭೆಯ ಕಡೆ ನೋಡುತ್ತಿದ್ದರೆ ಭಾಗವತರಿಗೆ ತಮ್ಮ ಸ್ವರ ಕೇಳುವುದಿಲ್ಲ. ಕೇಳದಿದ್ದರೆ ಯಾರೇ ಆಗಲಿ ಗಂಟಲು ಏರಿಸುತ್ತಾರೆ. ನಡುರಾತ್ರಿ ಕಳೆಯುವಾಗ ಸ್ವರ ಬಿದ್ದಿರುತ್ತದೆ. ಭಾಗವತರಿಗೆ ವಯಸ್ಸಾಯಿತು ಎಂದು ಜನ ಆಡಿಕೊಳ್ಳುತ್ತಾರೆ. ಎಷ್ಟು ಅನ್ಯಾಯ ಅಲ್ವಾ?

ಕಾಸರಗೋಡಿನಲ್ಲಿ ಇನ್ನೊಂದು ಒತ್ತಡ ಇದೆ. ಒಂದೇ ಉತ್ಸವದ ಒಂದೇ ಮೈದಾನದಲ್ಲಿ ಮೊದಲ ದಿನ ಗಾನಮೇಳ, ಮರುದಿನ ಬಯಲಾಟ. ಗಾನಮೇಳಕ್ಕೆ ಡ್ರಮ್, ಬಾಸ್ ಗಿಟಾರ್ ಇರುತ್ತವೆ. ಎದೆ ನಡುಗಿಸುವ ಸಬ್‌ವೂಫರ್ ಅಲ್ಲಿ ಬೇಕೇ ಬೇಕು. ಸಮಿತಿಯವರು ಅದೇ ಸೆಟ್ ಮರುದಿನಕ್ಕೂ ಇರಲಿ ಅನ್ನುತ್ತಾರೆ. ಆಟಕ್ಕೆ ಆ ಸಬ್‌ವೂಫರ್ ಬಿಟ್ಟರೆ ಮದ್ದಳೆಯ ಎಡಬದಿಯ ಗುಂಕಾರ ಡ್ರಮ್ಮಿನ ಗುದ್ದಾಗುತ್ತದೆ. ವೇಷದ (ಕುಣಿಯುವ ಪಾತ್ರಧಾರಿಯ) ಹೆಜ್ಜೆಗೆ ರಂಗದ ಹಲಗೆಯ ಸದ್ದೂ ಸೇರಿ ಮೈಕ್ ಗುಡುಗುತ್ತದೆ. ನಾನು ಅದನ್ನು ಬಂದ್ ಮಾಡುತ್ತೇನೆ. ಅದರ ಬಗ್ಗೆ ಸಮಿತಿಯವರ ಜತೆ ಮಾತಿಗೆ ಮಾತು ಬೆಳೆದದ್ದೂ ಇದೆ.

"ಡಬಲ್ ಮಾಡಿ" ಎನ್ನುವವರಿಗೂ ಒಂದು ಮಾತು. ಕಿವಿಗೆ ಸದ್ದು ಎರಡು ಪಟ್ಟು ಎನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. 500 ವ್ಯಾಟ್ ಇದ್ದಲ್ಲಿ 5,000 ವ್ಯಾಟ್. ಬಾಡಿಗೆಯ ದುಡ್ಡು ಹೋಗುವುದು ಅಲ್ಲಿಗೆ. ಪೊಲೀಸರು ಬರುವುದೂ ಅದಕ್ಕೇ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸಲು ಸರ್ಕಾರಕ್ಕೆ ಅವಕಾಶ ಇದೆ, ಅಷ್ಟೇ. ಇಡೀ ರಾತ್ರಿಯ ಆಟ ಕಾಲಮಿತಿಗೆ ಇಳಿದದ್ದರಲ್ಲಿ ಇದರ ಪಾಲೂ ಇದೆ.

ಶ್ರುತಿಪೆಟ್ಟಿಗೆಯ ಬಗ್ಗೆ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ. ಬೆಂಗಳೂರಿನ ಇಂಜಿನಿಯರ್, ಕೊಳಲು ವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರ ಮಾಡಿದರು. ಆಮೇಲೆ ಅಂಥ ಪೆಟ್ಟಿಗೆಗಳು ಎಲ್ಲ ಕಡೆ ಬಂದವು. ಕೆಲಸದ ದೃಷ್ಟಿಯಿಂದ ಅದರಲ್ಲಿ ದೂರಲು ಏನೂ ಇಲ್ಲ. ಶ್ರುತಿ ಅಲುಗುವುದಿಲ್ಲ. ನೇರ ಮಿಕ್ಸರಿಗೆ ಕೊಡಬಹುದು, ಅದಕ್ಕೆ ಬೇರೆ ಮೈಕ್ ಬೇಡ, ಆ ಮೈಕಿಗೆ ಚೆಂಡೆ ನುಗ್ಗುವ ತಾಪತ್ರಯವೂ ಇಲ್ಲ. ಆದರೆ ಮೊದಲು ಕಲಿಯುವ ಹುಡುಗನೊಬ್ಬ ಭಾಗವತರ ಹಿಂದೆ ಕೂತು ಶ್ರುತಿ ಒತ್ತುತ್ತಿದ್ದ. ಪದ ಎಲ್ಲಿ ಎತ್ತುತ್ತಾರೆ, ವೇಷದ ಕಡೆ ಯಾವಾಗ ನೋಡುತ್ತಾರೆ, ಅರ್ಥ (ಪಾತ್ರಧಾರಿಯ ಮಾತು) ಉದ್ದವಾದರೆ ಹೇಗೆ ಕಾಯುತ್ತಾರೆ, ಎಲ್ಲ ಅವನ ಕಣ್ಣೆದುರು ನಡೆಯುತ್ತಿತ್ತು. ತರಗತಿಯಲ್ಲಿ ಹೇಳಿಕೊಡಲು ಬಾರದ ಪಾಠ ಅದು. ಆ ಜಾಗದಲ್ಲಿ ಈಗ ಪೆಟ್ಟಿಗೆ ಇದೆ. ಕೀಬೋರ್ಡ್ ಬಂತು ಎಂದು ಗಲಾಟೆ ಮಾಡುವವರು ಈ ನಷ್ಟದ ಬಗ್ಗೆ ಮಾತಾಡಿದ್ದು ನಾನು ಕೇಳಿಲ್ಲ. ಶ್ರುತಿ ಪೆಟ್ಟಿಗೆಯದ್ದೇ ಇರಲಿ, ಹುಡುಗನನ್ನು ಚಕ್ರತಾಳ (ದೊಡ್ಡ ತಾಳ) ಕೊಟ್ಟು ಅಲ್ಲೇ ಕೂರಿಸಿ ಎಂದು ಗೊತ್ತಿರುವ ಭಾಗವತರಿಗೆ ಹೇಳುತ್ತಿರುತ್ತೇನೆ.

ಕೀಬೋರ್ಡ್, ರಿದಮ್ ಪ್ಯಾಡ್ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ ಇದೆ. ಪ್ಯಾಡನ್ನು ಕೈಯಲ್ಲಿ ಬಾರಿಸಿದರೆ ಅಡ್ಡಿಯಿಲ್ಲ. ಮೊದಲೇ ತುಂಬಿಸಿಟ್ಟ ತಾಳ ಬಿಡಬಾರದು. ಆಟದಲ್ಲಿ ಮದ್ದಳೆಯವರು ವೇಷದ ಕಾಲು ನೋಡುತ್ತಾ ನುಡಿಸುತ್ತಾರೆ. ವೇಷ ಇನ್ನೊಂದು ಸುತ್ತು ಕುಣಿದರೆ ಭಾಗವತರು ಪದವನ್ನು ಮತ್ತೊಮ್ಮೆ ಎತ್ತಿಕೊಡುತ್ತಾರೆ. ಯುದ್ಧದ ಪದ ಎಷ್ಟು ಏರಬೇಕು ಎಂಬುದು ಆ ಕ್ಷಣಕ್ಕೆ ಅಲ್ಲಿಯವರೇ ತೀರ್ಮಾನಿಸುವುದು. ಕುಣಿತ ಭಜನೆಯಲ್ಲೂ ಅಷ್ಟೆ. ಸುತ್ತು ಸುತ್ತಿಗೆ ವೇಗ ಏರಿ, ಕಡೆಗೆ ಚಪ್ಪಾಳೆಯೂ ಗೆಜ್ಜೆಯೂ ಒಂದಾಗುವುದಕ್ಕೇ ಜನ ಕಾಯುತ್ತಾರೆ. ಕೀಬೋರ್ಡಿನ ಸಿದ್ಧ ತಾಳ ಹಾಕಿದರೆ ಮಕ್ಕಳು ಆರಂಭದ ವೇಗದಲ್ಲೇ ಕುಣಿದು ಮುಗಿಸುತ್ತಾರೆ. ಏರಲು ನೋಡಿದ ಹಾಡುಗಾರ ತಾಳ ತಪ್ಪಿ ಮತ್ತೆ ಇಳಿಯುತ್ತಾನೆ.

ಕರೆಂಟ್ ಹಾಡಿಗೆ ಬಗ್ಗಿದ ಉದಾಹರಣೆಯೂ ಇದೆ. ಆಂಧ್ರದ ಪಾಲಕೊಲ್ಲಿನ ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ಸಾಮಾನ್ಯ ಮ್ಯಾಂಡೊಲಿನ್ ತಂತಿ ಮೀಟಿದ ಕೂಡಲೇ ಸ್ವರ ಸಾಯುತ್ತದೆ, ಗಮಕಕ್ಕೆ, ಅಂದರೆ ಸ್ವರವನ್ನು ಜಾರಿಸಿ ತೂಗುವುದಕ್ಕೆ, ಸಮಯ ಸಿಗುವುದಿಲ್ಲ. ಅವರು ಎಂಟು ತಂತಿಯ ಬದಲು ಐದು ತಂತಿ ಇಟ್ಟುಕೊಂಡರು. ಕರೆಂಟಿನಿಂದ ಸ್ವರ ನಿಂತಿತು, ನಿಂತ ಸ್ವರದ ಮೇಲೆ ಗಮಕ ಬಂತು.

ಗಡಿಯಲ್ಲಿರುವ ನಮಗೆ ಪದದ ಮಾತು ಕೇಳಿಸಬೇಕು ಎನ್ನಲು ಇನ್ನೂ ದೊಡ್ಡ ಕಾರಣವಿದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕನ್ನಡ ಇಲ್ಲಿ ಮನೆ, ಕೆಲವು ಶಾಲೆ ಮತ್ತು ಇಂಥ ವೇದಿಕೆಗಳಲ್ಲಿ ಉಳಿದಿದೆ. ಮಲಯಾಳಂ ಅಥವಾ ಇಂಗ್ಲಿಷ್ ಶಾಲೆಗೆ ಹೋಗುವ ಎಷ್ಟೋ ಮಕ್ಕಳು ಒಳ್ಳೆಯ ಕನ್ನಡವನ್ನು ಗಂಟೆಗಟ್ಟಲೆ ಕೇಳುವುದು ಆಟದಲ್ಲಿ, ಕೂಟದಲ್ಲಿ. ಅವರಿಗೆ ಸಾಲು ಅರ್ಧ ಕೇಳಿಸಿದರೆ ಅದನ್ನು ತುಂಬಿಸಿಕೊಳ್ಳಲು ಬೇರೆ ದಾರಿ ಇಲ್ಲ. ತಾಳಮದ್ದಳೆಯಲ್ಲಂತೂ ಬಣ್ಣ, ಕುಣಿತ ಇಲ್ಲ, ಇರುವುದು ಪದ ಮತ್ತು ಅರ್ಥ ಮಾತ್ರ. ಸಣ್ಣ ಸಭಾಭವನದಲ್ಲಿ ನಾಲ್ಕು ದೊಡ್ಡ ಬಾಕ್ಸ್ ಇಟ್ಟು ಗೋಡೆಯಿಂದ ಗೋಡೆಗೆ ಸದ್ದು ಹೊಡೆಸುವುದು ಅಲ್ಲಿ ದೊಡ್ಡ ತಪ್ಪು. ಎರಡು ಸಣ್ಣ ಬಾಕ್ಸ್ ಕಿವಿಯ ಎತ್ತರಕ್ಕಿಂತ ಸ್ವಲ್ಪ ಮೇಲೆ ಕಟ್ಟಿ, ಜನರ ಕಡೆಗೆ ಬಾಗಿಸಿದರೆ ಸಾಕು.

ದೀಪಾವಳಿ ಕಳೆದರೆ ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಡುತ್ತವೆ. ಆಟ ಆಡಿಸುವವರಲ್ಲಿ ನನ್ನದೊಂದು ಕೇಳಿಕೆ. ಮೈಕ್‌ನವರನ್ನು ಕರೆಯುವಾಗ ಎಷ್ಟು ಬಾಕ್ಸ್ ಎಂದು ಕೇಳುವ ಮೊದಲು ಜಾಗ ಎಷ್ಟು, ಎಷ್ಟು ಜನ ಕೂರುತ್ತಾರೆ ಎಂದು ಹೇಳಿ. ಸಂಜೆ ಬೇಗ ಬರಲು ಹೇಳಿ. ಕಡೆಯ ಸಾಲಿನ ಕುರ್ಚಿಯಲ್ಲಿ ಪ್ರಸಂಗ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ಚೆಂಡೆ ನುಡಿಯುತ್ತಿರುವಾಗಲೇ ಭಾಗವತರಿಂದ ಒಂದು ಪದ ಹೇಳಿಸಿ. ಕೂತವರು ಆ ಪದದ ಸಾಲನ್ನು ತಿರುಗಿ ಹೇಳಲಿ. ಹೇಳಲು ಆಗದಿದ್ದರೆ ಮೊದಲು ಚೆಂಡೆಯ ಮೈಕ್ ತೆಗೆಸಿ, ಆಮೇಲೆ ಬೇರೆ ಏನು ಬೇಕು ನೋಡೋಣ.